ಒಂದೇ ಪೆಟ್ಟಿಗೆಯಲ್ಲಿ ಮೂರು ಸರ್ವರ್: ಸಣ್ಣ ಕಚೇರಿಗೂ ಬೇಕೇ ವರ್ಚುಯಲೈಸೇಶನ್?

ವರ್ಚುಯಲೈಸೇಶನ್ ಎಂದೊಡನೆ ಬೆಂಗಳೂರಿನ ಯಾವುದೋ ಐಟಿ ಕಂಪನಿಯ ತಣ್ಣನೆಯ ಕೋಣೆ, ಅದರೊಳಗೆ ಸಾಲಾಗಿ ನಿಂತ ಕಪ್ಪು ಕಪಾಟುಗಳು ಕಣ್ಣ ಮುಂದೆ ಬರುತ್ತವೆ. ಗೋಕಾಕದ ಒಂದು ಪತ್ತಿನ ಸಹಕಾರಿ ಸಂಘಕ್ಕೆ, ಮೂಡಲಗಿಯ ಒಂದು ಶಾಲೆಯ ಕಚೇರಿಗೆ, ಹುಕ್ಕೇರಿಯ ಒಬ್ಬ ಲೆಕ್ಕಪರಿಶೋಧಕರಿಗೆ ಇದರಿಂದ ಏನಾಗಬೇಕು? ಆಗಬೇಕಾದ್ದು ಸಾಕಷ್ಟಿದೆ. ಆದರೆ ಜನ ಹೇಳುವ ಕಾರಣಕ್ಕಲ್ಲ.

ಇಂಥ ಕಚೇರಿಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ ನೋಡಿ. ಲೆಕ್ಕಪತ್ರದ ತಂತ್ರಾಂಶಕ್ಕೆ ಒಂದು ಕಂಪ್ಯೂಟರ್, ಎಲ್ಲರೂ ಹಂಚಿಕೊಳ್ಳುವ ಕಡತಗಳಿಗೆ ಇನ್ನೊಂದು, ಹಾಜರಾತಿ ಯಂತ್ರದ ಮಾಹಿತಿ ಬಂದು ಸೇರುವ ಮತ್ತೊಂದು. ಮೂರೂ ಹಗಲು ರಾತ್ರಿ ಓಡುತ್ತಿರುತ್ತವೆ, ಮೇಲೆ 'ಬಂದ್ ಮಾಡಬೇಡಿ' ಎಂದು ಬರೆದ ಚೀಟಿ ಅಂಟಿಸಿರುತ್ತಾರೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೂರರ ಪ್ರೊಸೆಸರ್‌ಗಳೂ ಬಹುಪಾಲು ಹೊತ್ತು ಕೈಕಟ್ಟಿ ಕೂತಿರುತ್ತವೆ. ಹಾಗಾದರೆ ಮೂರು ಕೆಲಸಗಳನ್ನೂ ಒಂದೇ ವಿಂಡೋಸ್‌ನಲ್ಲಿ ತುರುಕಬಹುದಲ್ಲ? ತುರುಕಬಹುದು. ಆದರೆ ಹಾಜರಾತಿಯ ತಂತ್ರಾಂಶ ಕೇಳುವ ಡೇಟಾಬೇಸ್ ಆವೃತ್ತಿ ಬೇರೆ, ಲೆಕ್ಕಪತ್ರದ್ದು ಬೇರೆ. ಒಂದನ್ನು ಅಪ್‌ಡೇಟ್ ಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ.

ಇಲ್ಲಿ ಬರುವುದೇ ಹೈಪರ್‌ವೈಸರ್. ಒಂದು ದೊಡ್ಡ ವಾಡೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಗೋಡೆ ಎಬ್ಬಿಸಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಅಡುಗೆಮನೆ ಮಾಡಿಕೊಡುವುದಿಲ್ಲವೇ? ಹೈಪರ್‌ವೈಸರ್ ಮಾಡುವುದೂ ಅದನ್ನೇ. ನಿಜವಾದ ಕಂಪ್ಯೂಟರಿನ ಪ್ರೊಸೆಸರ್, ಮೆಮೊರಿ ಹಾಗೂ ಡಿಸ್ಕನ್ನು ಭಾಗ ಮಾಡಿ ಪ್ರತಿಯೊಂದು ಭಾಗವನ್ನೂ ಪೂರ್ತಿ ಕಂಪ್ಯೂಟರಿನಂತೆ ತೋರಿಸುತ್ತದೆ. ಒಳಗಿರುವ ವಿಂಡೋಸ್‌ಗೆ ಅಥವಾ ಲಿನಕ್ಸ್‌ಗೆ ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ ಎಂಬುದು ಗೊತ್ತೇ ಆಗುವುದಿಲ್ಲ. ಹೀಗೆ ಸಿಗುವ ಪ್ರತಿ ಭಾಗವನ್ನೂ ವರ್ಚುಯಲ್ ಮಶೀನ್ ಎನ್ನುತ್ತಾರೆ.

ಇದು ಹೊಸ ಉಪಾಯವೇನಲ್ಲ. ಐಬಿಎಂ 1960ರ ದಶಕದಲ್ಲೇ ತನ್ನ ದೊಡ್ಡ ಯಂತ್ರಗಳಲ್ಲಿ ಇದನ್ನು ಮಾಡಿತ್ತು. ನಮ್ಮ ಮೇಜಿನ ಮೇಲಿನ ಕಂಪ್ಯೂಟರುಗಳ ಪ್ರೊಸೆಸರ್ ವಿನ್ಯಾಸ ಮಾತ್ರ ಇದಕ್ಕೆ ಒಗ್ಗುತ್ತಿರಲಿಲ್ಲ. 1998ರಲ್ಲಿ ಶುರುವಾದ ವಿಎಂವೇರ್ ಕಂಪನಿ ತಂತ್ರಾಂಶದ ಜಾಣ್ಮೆಯಿಂದಲೇ ಆ ತೊಡಕನ್ನು ದಾಟಿತು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಈ ಸಾಮರ್ಥ್ಯವನ್ನು ಪ್ರೊಸೆಸರಿನೊಳಗೇ ಕೂರಿಸಿದವು. 2007ರಲ್ಲಿ ಲಿನಕ್ಸ್‌ನ ತಿರುಳಿಗೆ ಕೆವಿಎಂ ಸೇರಿಕೊಂಡಿತು. ಇವತ್ತು ನಿಮ್ಮ ಕಚೇರಿಯ ಸಾಧಾರಣ ಡೆಸ್ಕ್‌ಟಾಪ್‌ನಲ್ಲೂ ಈ ಶಕ್ತಿ ಇರುವ ಸಾಧ್ಯತೆಯೇ ಹೆಚ್ಚು. ಬಯೋಸ್‌ನಲ್ಲಿ ಅದನ್ನು ಆನ್ ಮಾಡದೆ ಬಿಟ್ಟಿರುತ್ತಾರೆ, ಅಷ್ಟೇ. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಎಂಬ ಹೆಸರಿನಲ್ಲಿ ಹುಡುಕಿ.

ಮೊದಲ ಲಾಭ ಕರೆಂಟಿನದು. ಸುಮ್ಮನೆ ಓಡುತ್ತಿರುವ ಡೆಸ್ಕ್‌ಟಾಪ್ 60 ವ್ಯಾಟ್ ತಿನ್ನುತ್ತದೆ ಎಂದುಕೊಳ್ಳೋಣ. ಮೂರಕ್ಕೆ 180 ವ್ಯಾಟ್, ತಿಂಗಳಿಗೆ ಸುಮಾರು 130 ಯೂನಿಟ್. ಅದೇ ಕೆಲಸ 80 ವ್ಯಾಟ್‌ನ ಒಂದು ಯಂತ್ರದಲ್ಲಾದರೆ ಸುಮಾರು 58 ಯೂನಿಟ್. ಬಿಲ್ಲು ಹೆಸ್ಕಾಂಗೆ ಕಟ್ಟಿ ಅಥವಾ 1969ರಿಂದ ನಡೆದುಕೊಂಡು ಬಂದಿರುವ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ ಕಟ್ಟಿ, ಉಳಿತಾಯ ಉಳಿತಾಯವೇ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದು: ಕರೆಂಟು ಹೋದಾಗ ಅದೇ ಯುಪಿಎಸ್ ಬ್ಯಾಟರಿ ಎರಡು ಪಟ್ಟಿಗೂ ಹೆಚ್ಚು ಹೊತ್ತು ಬರುತ್ತದೆ.

ಯಾವ ತಂತ್ರಾಂಶ? ಯಾವ ಯಂತ್ರ?

ಬಹಳ ವರ್ಷ ಸಣ್ಣ ಕಚೇರಿಗಳ ಆಯ್ಕೆ ವಿಎಂವೇರ್‌ನ ಉಚಿತ ಇಎಸ್‌ಎಕ್ಸ್‌ಐ ಆಗಿತ್ತು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡುಕೊಂಡಿತು. ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಲೈಸೆನ್ಸ್ ಮಾರಾಟ ಡಿಸೆಂಬರಿನಲ್ಲಿ ನಿಂತಿತು, 2024ರ ಫೆಬ್ರವರಿಯಲ್ಲಿ ಉಚಿತ ಆವೃತ್ತಿಯೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಉಚಿತ ಆವೃತ್ತಿ ಮರಳಿ ಬಂದಿತು ನಿಜ, ಆದರೆ ಒಮ್ಮೆ ಕೈಬಿಟ್ಟವರ ಮೇಲೆ ಮತ್ತೆ ಭಾರ ಹಾಕಲು ಹಿಂಜರಿಕೆ ಆಗುವುದಿಲ್ಲವೇ? ಮೈಕ್ರೋಸಾಫ್ಟ್‌ನ ಹೈಪರ್-ವಿ ಒಳ್ಳೆಯದೇ, ವಿಂಡೋಸ್ ಸರ್ವರ್ ಲೈಸೆನ್ಸ್ ಈಗಾಗಲೇ ಇದ್ದವರಿಗೆ. ಹೊಸದಾಗಿ ಶುರು ಮಾಡುವ ಸಣ್ಣ ಕಚೇರಿಗೆ ಪ್ರಾಕ್ಸ್‌ಮಾಕ್ಸ್ ವಿಇ ಸಾಕು ಎಂಬುದು ನನ್ನ ಅಭಿಪ್ರಾಯ. ಡೆಬಿಯನ್ ಲಿನಕ್ಸ್ ಮತ್ತು ಕೆವಿಎಂ ಮೇಲೆ ಕಟ್ಟಿದ ಮುಕ್ತ ತಂತ್ರಾಂಶ ಇದು, 2008ರಿಂದ ಇದೆ.

ಯಂತ್ರದಲ್ಲಿ ಪ್ರೊಸೆಸರಿಗಿಂತ ಮೆಮೊರಿ ಮುಖ್ಯ. ಪ್ರೊಸೆಸರನ್ನು ಮೂವರು ಸರದಿಯಲ್ಲಿ ಹಂಚಿಕೊಳ್ಳಬಹುದು; ಮೆಮೊರಿ ಹಾಗಲ್ಲ, ಕೊಟ್ಟದ್ದು ಕೊಟ್ಟಂತೆಯೇ. ಲೆಕ್ಕಪತ್ರದ ವಿಂಡೋಸ್‌ಗೆ 8 ಜಿಬಿ, ಕಡತಗಳ ಲಿನಕ್ಸ್‌ಗೆ 4, ಹಾಜರಾತಿಗೆ 4 ಎಂದರೆ ಒಟ್ಟು 16 ಜಿಬಿ. ಹೈಪರ್‌ವೈಸರಿಗೂ ಜಾಗ ಬೇಕಾದ್ದರಿಂದ 32 ಜಿಬಿ ಇದ್ದರೆ ನೆಮ್ಮದಿ. ಡಿಸ್ಕ್ ಎರಡಿರಲಿ, ಒಂದರ ಪಡಿಯಚ್ಚು ಇನ್ನೊಂದರಲ್ಲಿ ಇರುವ ಹಾಗೆ. ಸಿಸಿಟಿವಿ ರೆಕಾರ್ಡಿಂಗನ್ನು ಮಾತ್ರ ಇದರೊಳಗೆ ತರಬೇಡಿ. ಅದು ಎಡೆಬಿಡದೆ ಡಿಸ್ಕಿಗೆ ಬರೆಯುತ್ತಲೇ ಇರುತ್ತದೆ, ಉಳಿದವರಿಗೆ ಉಸಿರಾಡಲು ಬಿಡುವುದಿಲ್ಲ.

ಅನುಸ್ಥಾಪನೆ ಅರ್ಧ ಗಂಟೆಯ ಕೆಲಸ. ಪೆನ್‌ಡ್ರೈವಿನಿಂದ ಶುರು ಮಾಡಿದರೆ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಒಂದು ಎಚ್ಚರ: ಆಯ್ಕೆ ಮಾಡಿದ ಡಿಸ್ಕನ್ನು ಅದು ಪೂರ್ತಿ ಅಳಿಸುತ್ತದೆ. ಆದ್ದರಿಂದ ಹಳೆಯ ಸರ್ವರಿನ ಮೇಲೆಯೇ ಪ್ರಯೋಗ ಬೇಡ. ಸರ್ವರಿಗೆ ಬದಲಾಗದ ವಿಳಾಸ ಕೊಡಿ, ಅದು ನಿಮ್ಮ ರೂಟರ್ ತಾನಾಗಿ ಹಂಚುವ ವಿಳಾಸಗಳ ಸಾಲಿನ ಹೊರಗಿರಲಿ. ಇಲ್ಲದಿದ್ದರೆ ಒಂದು ದಿನ ಯಾರದೋ ಮೊಬೈಲಿಗೆ ಅದೇ ವಿಳಾಸ ಸಿಕ್ಕಿ ಇಡೀ ಕಚೇರಿ ನಿಲ್ಲುತ್ತದೆ! ಆಮೇಲೆ ಬೇರೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಆ ವಿಳಾಸವನ್ನು 8006ನೆಯ ಪೋರ್ಟ್ ಜೊತೆಗೆ ತೆರೆದರೆ ನಿಯಂತ್ರಣ ಫಲಕ ಬರುತ್ತದೆ. ಪ್ರತಿ ಸಲ 'ಚಂದಾ ಇಲ್ಲ' ಎಂಬ ಸೂಚನೆ ಕಾಣುತ್ತದೆ, ಗಾಬರಿ ಬೇಡ. ಅಪ್‌ಡೇಟ್ ಬರುವ ಮೂಲವನ್ನು ಚಂದಾರಹಿತ ಮೂಲಕ್ಕೆ ಬದಲಿಸಿಕೊಂಡರೆ ಆಯಿತು.

ಸರ್ವರಿನೊಳಗೆ ಬ್ರಿಜ್ ಎಂಬ ಕಾಲ್ಪನಿಕ ಸ್ವಿಚ್ ಇರುತ್ತದೆ. ಮೂರು ವರ್ಚುಯಲ್ ಮಶೀನ್‌ಗಳ ತಂತಿಗಳು ಅದಕ್ಕೆ, ಅದರಿಂದ ಒಂದೇ ನಿಜವಾದ ತಂತಿ ಕಚೇರಿಯ ಸ್ವಿಚ್‌ಗೆ. ಅದು ತಂತಿಯೇ ಆಗಿರಬೇಕು, ವೈಫೈ ಮೇಲೆ ಈ ಬ್ರಿಜ್ ಸಾಮಾನ್ಯವಾಗಿ ನಡೆಯುವುದಿಲ್ಲ. ವಿಂಡೋಸ್ ಹಾಕುವಾಗ 'ಡಿಸ್ಕ್ ಕಾಣುತ್ತಿಲ್ಲ' ಎಂಬಲ್ಲಿ ಬಹಳ ಜನ ಸಿಕ್ಕಿಕೊಳ್ಳುತ್ತಾರೆ. ಕಾರಣ ಸರಳ: ವರ್ಟ್‌ಐಓ ಎಂಬ ಡ್ರೈವರುಗಳ ಐಎಸ್‌ಒ ಕಡತವನ್ನು ಎರಡನೆಯ ಸಿಡಿಯಂತೆ ಜೋಡಿಸಿ ಅಲ್ಲಿಂದ ಡ್ರೈವರ್ ತೋರಿಸಬೇಕು.

ವಿಂಡೋಸ್ 7ರಲ್ಲಿ ಮಾತ್ರ ಓಡುವ ಹಳೆಯ ತಂತ್ರಾಂಶ ಇದೆಯೇ? ಅದನ್ನೂ ಇದರೊಳಗೆ ತರಬಹುದು. ಆದರೆ 2020ರ ಜನವರಿ 14ರ ನಂತರ ಅದಕ್ಕೆ ಬೆಂಬಲ ನಿಂತಿರುವುದರಿಂದ ಇಂಟರ್ನೆಟ್ ದಾರಿ ಮುಚ್ಚಿಡಿ. ವರ್ಚುಯಲ್ ಎಂದ ಮಾತ್ರಕ್ಕೆ ಲೈಸೆನ್ಸ್ ಬೇಡ ಎಂಬುದೂ ಸುಳ್ಳು. ಒಳಗಿರುವ ಪ್ರತಿ ವಿಂಡೋಸ್‌ಗೂ ಲೈಸೆನ್ಸ್ ಬೇಕೇ ಬೇಕು. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನ ಒಂದು ಪೂರ್ಣ ಲೈಸೆನ್ಸ್ ಎರಡು ವರ್ಚುಯಲ್ ಮಶೀನ್‌ಗಳಿಗೆ ಆಗುತ್ತದೆ.

ಸರ್ವರ್ ಒಂದು ಕಡತವಾದಾಗ

ಇಷ್ಟೆಲ್ಲ ಮಾಡಿದರೆ ಯಂತ್ರ ಕೆಟ್ಟಾಗ ಮೂರೂ ಒಟ್ಟಿಗೆ ನಿಲ್ಲುವುದಿಲ್ಲವೇ? ನಿಲ್ಲುತ್ತವೆ. ಇದನ್ನು ಮುಚ್ಚಿಡುವ ಮಾರಾಟಗಾರರನ್ನು ನಂಬಬೇಡಿ. ಆದರೆ ಇದಕ್ಕೆ ಪ್ರತಿಯಾಗಿ ನಿಮಗೆ ಸಿಗುವ ಒಂದು ವಸ್ತುವಿದೆ: ಪ್ರತಿ ಸರ್ವರ್, ಅದರ ವಿಂಡೋಸ್, ಸೆಟ್ಟಿಂಗ್, ಡೇಟಾಬೇಸ್ ಎಲ್ಲ ಸೇರಿ, ಈಗ ನಕಲು ಮಾಡಬಹುದಾದ ಒಂದು ಕಡತ. ಇನ್ನೊಂದು ಸಾಧಾರಣ ಯಂತ್ರಕ್ಕೆ ಪ್ರಾಕ್ಸ್‌ಮಾಕ್ಸ್ ಹಾಕಿ ಆ ಕಡತವನ್ನು ಬಿಚ್ಚಿದರೆ ಸರ್ವರ್ ಎದ್ದು ಕೂರುತ್ತದೆ, ಕಂಪನಿ ಮಾದರಿ ಯಾವುದೇ ಇರಲಿ.

ನಮ್ಮ ಈ ಭಾಗದಲ್ಲಿ ಇದರ ಬೆಲೆ ಬೇರೆಯದೇ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿದಾಗ ಗೋಕಾಕದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ಹಿಡಕಲ್ ಜಲಾಶಯ ಇರುವುದು ಹುಕ್ಕೇರಿ ತಾಲ್ಲೂಕಿನಲ್ಲಿ. ಅಲ್ಲಿಂದ ಬಿಟ್ಟ ನೀರಿಗೆ ಮಾರ್ಕಂಡೇಯದ ನೀರೂ ಸೇರಿ ಗೋಕಾಕ ದಾಟಿ ಮೂಡಲಗಿ ತಾಲ್ಲೂಕಿನ ಹಳ್ಳಿಗಳತ್ತ ಹೋಗುತ್ತದೆ. ಕಂಪ್ಯೂಟರ್ ಇರುವುದೋ ನೆಲಮಹಡಿಯ ಮೇಜಿನ ಕೆಳಗೆ! ನೀರು ಬರುತ್ತದೆ ಎಂಬ ಸುದ್ದಿಗೂ ನೀರಿಗೂ ನಡುವೆ ಇರುವ ಗಂಟೆಗಳಲ್ಲಿ ಮೂರು ಸಿಪಿಯು ಹೊತ್ತು ಓಡುವುದಕ್ಕೂ, ಅಂಗೈಯಗಲದ ಒಂದು ಡಿಸ್ಕನ್ನು ಚೀಲಕ್ಕೆ ಹಾಕಿಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ಪ್ರತಿಯೊಂದು ಕಚೇರಿಯೊಳಗಿದ್ದರೆ ಸಾಲದು, ಇನ್ನೊಂದು ಊರ ಹೊರಗೂ ಇರಬೇಕು. ಗೋಕಾಕದ ಸಂಘಕ್ಕೆ ಹುಕ್ಕೇರಿಯಲ್ಲೋ ಮೂಡಲಗಿಯಲ್ಲೋ ಶಾಖೆ ಇದ್ದರೆ ಒಳ್ಳೆಯದು. ಆದರೆ ಊರಿನ ಹೆಸರಿಗಿಂತ ಎತ್ತರ ಮುಖ್ಯ. ಒಂದೇ ನದಿಯ ದಂಡೆಯ ಎರಡು ನೆಲಮಹಡಿಗಳನ್ನು ಎರಡು ಸ್ಥಳ ಎನ್ನಲಾಗದು. ಅಷ್ಟು ದೊಡ್ಡ ಕಡತ ಇಂಟರ್ನೆಟ್‌ನಲ್ಲಿ ಹೋದೀತೇ? 60 ಜಿಬಿಯ ಸರ್ವರ್ 20 ಎಂಬಿಪಿಎಸ್ ವೇಗದಲ್ಲಿ ಹೋಗಲು ಆರೂವರೆ ಗಂಟೆಗೂ ಹೆಚ್ಚು ಬೇಕು. ಪ್ರಾಕ್ಸ್‌ಮಾಕ್ಸ್‌ನ ಬ್ಯಾಕಪ್ ಸರ್ವರ್ ಎಂಬ ಜೊತೆ ತಂತ್ರಾಂಶ ಮೊದಲ ಸಲದ ನಂತರ ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ. ದಿನಕ್ಕೆ 2 ಜಿಬಿ ಬದಲಾದರೆ ಹದಿಮೂರು ಹದಿನಾಲ್ಕು ನಿಮಿಷ. ಶಾಖೆಯ ದಾರಿಯನ್ನು ವಿಪಿಎನ್ ಮೂಲಕವೇ ಮಾಡಿ, 8006ನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ.

ಇಲ್ಲಿ ಒಂದು ದೊಡ್ಡ ತಪ್ಪುಕಲ್ಪನೆ ಇದೆ. 'ಸ್ನ್ಯಾಪ್‌ಶಾಟ್ ತೆಗೆದಿದ್ದೇನೆ, ಬ್ಯಾಕಪ್ ಆಯಿತು' ಎನ್ನುತ್ತಾರೆ. ಸ್ನ್ಯಾಪ್‌ಶಾಟ್ ಎಂದರೆ ಪುಸ್ತಕದಲ್ಲಿ ಇಟ್ಟ ಗುರುತಿನ ಚೀಟಿ. ಅಪ್‌ಡೇಟ್ ಕೆಟ್ಟರೆ ಆ ಪುಟಕ್ಕೆ ಮರಳಲು ಅದು ಬಹಳ ಉಪಯುಕ್ತ. ಆದರೆ ಪುಸ್ತಕವೇ ನೀರಿಗೆ ಬಿದ್ದರೆ ಚೀಟಿಯೂ ಅದರೊಳಗೇ ಇರುತ್ತದೆ. ಎರಡು ಡಿಸ್ಕಿನ ಪಡಿಯಚ್ಚಿನ ಕಥೆಯೂ ಅಷ್ಟೇ: ಒಂದು ಕೆಟ್ಟರೆ ಕಾಪಾಡುತ್ತದೆ, ತಪ್ಪಿ ಅಳಿಸಿದ ಕಡತವನ್ನು ಎರಡರಲ್ಲೂ ಶ್ರದ್ಧೆಯಿಂದ ಅಳಿಸುತ್ತದೆ.

ಇನ್ನು ಕರೆಂಟು ಏಕಾಏಕಿ ಹೋದರೆ ಮೂರು ಡೇಟಾಬೇಸ್‌ಗಳಿಗೂ ಒಟ್ಟಿಗೆ ಪೆಟ್ಟು. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಸರ್ವರಿಗೆ ಜೋಡಿಸಿ, ಎನ್‌ಯುಟಿ ಎಂಬ ಉಚಿತ ತಂತ್ರಾಂಶ ಹಾಕಿದರೆ ಬ್ಯಾಟರಿ ಮುಗಿಯುವ ಮೊದಲೇ ಎಲ್ಲವೂ ಕ್ರಮವಾಗಿ ಮುಚ್ಚಿಕೊಳ್ಳುತ್ತವೆ. ಮನೆ ಇನ್ವರ್ಟರುಗಳಲ್ಲಿ ಸಾಮಾನ್ಯವಾಗಿ ಈ ತಂತಿ ಇರುವುದಿಲ್ಲ, ಕೊಳ್ಳುವಾಗಲೇ ಕೇಳಿ.

ಎಲ್ಲರಿಗೂ ಇದು ಬೇಕೆಂದಲ್ಲ. ಒಂದೇ ಬಿಲ್ಲಿಂಗ್ ಕಂಪ್ಯೂಟರ್ ಇರುವ ಅಂಗಡಿಗೆ ದಿನವೂ ಒಂದು ನಕಲು ಸಾಕು. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಆ ಯೋಜನೆಯ ಸಾಮಾನ್ಯ ತಂತ್ರಾಂಶ ಕ್ಲೌಡ್‌ನಲ್ಲಿರುವುದರಿಂದ, ಅದಕ್ಕೆ ಸೇರಿದ ಸಂಘಗಳು ಮುಖ್ಯ ಲೆಕ್ಕಕ್ಕಾಗಿ ಸ್ವಂತ ಸರ್ವರ್ ಕಟ್ಟುವ ಅಗತ್ಯವಿಲ್ಲ. ತಮ್ಮದೇ ತಂತ್ರಾಂಶ, ತಮ್ಮದೇ ಡೇಟಾ ಇಟ್ಟುಕೊಂಡಿರುವ ಪತ್ತಿನ ಸಂಘಗಳು, ಶಾಲೆಗಳು, ಆಸ್ಪತ್ರೆಗಳ ಮಾತು ಬೇರೆ.

ಕೊನೆಯದಾಗಿ, ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಹಳೆಯ ಕಂಪ್ಯೂಟರೊಂದರಲ್ಲಿ ಬ್ಯಾಕಪ್ ಬಿಚ್ಚಿ ನೋಡಿ. ಕಚೇರಿಯ ನೆಟ್‌ವರ್ಕ್ ತಂತಿ ಕಿತ್ತಿಟ್ಟು ಮಾಡಿ, ಇಲ್ಲವಾದರೆ ಒಂದೇ ವಿಳಾಸದ ಎರಡು ಸರ್ವರ್ ಜಗಳಕ್ಕೆ ನಿಲ್ಲುತ್ತವೆ. ಒಳಗಿನ ತಂತ್ರಾಂಶ ತೆರೆಯಿರಿ, ಹಿಂದಿನ ದಿನದ ಕೊನೆಯ ರಸೀದಿ ಕಾಣುತ್ತದೆಯೇ ನೋಡಿ, ಬಿಚ್ಚಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಬ್ಯಾಕಪ್‌ಗೆ ಗೂಢಲಿಪಿ ಹಾಕಿದ್ದರೆ ಅದರ ಕೀಲಿಯನ್ನು ಅದೇ ಸರ್ವರಿನಲ್ಲಿ ಮಾತ್ರ ಇಡಬೇಡಿ. ಕಾಗದದ ಮೇಲೆ ಮುದ್ರಿಸಿ ಲಾಕರಿನಲ್ಲಿಡಿ, ಮೇಲಿನ ಖಾನೆಯಲ್ಲಿ.