ಒಣಗಿದ ಕೆರೆಗೆ ಇಳಿದ ವಿಮಾನ

2009ರ ಏಪ್ರಿಲ್ 5, ಭಾನುವಾರ. ಕೋಲಾರದ ಹತ್ತಿರದ ಒಂದು ಹಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿ, ಆಮೇಲೆ ಪಾಳುಬಿಟ್ಟ ಒಂದು ರನ್‌ವೇ. ಬೆಳ್ಳಂಬೆಳಿಗ್ಗೆ ಅಲ್ಲಿಂದ ಪೈಲಟ್ ಇಲ್ಲದ ವಿಮಾನವೊಂದು ಎದ್ದು 1.8 ಕಿಲೋಮೀಟರ್ ಎತ್ತರಕ್ಕೆ ಏರಿತು. ಮೂವತ್ತೈದು ನಿಮಿಷ ಮೇಲೆ ಹಾರಾಡಿ, ಎಲ್ಲಿ ಇಳಿಯಬೇಕೆಂದು ಮೊದಲೇ ಗೊತ್ತುಮಾಡಿದ್ದರೋ ಅಲ್ಲಿಗೇ, ನೀರಿಲ್ಲದ ಕೆರೆಯ ಅಂಗಳಕ್ಕೆ, ಕ್ಷೇಮವಾಗಿ ಇಳಿಯಿತು.

ವಿಮಾನದ ಹೆಸರು ನಿಶಾಂತ್. ಅವತ್ತು ಪರೀಕ್ಷೆ ಇದ್ದದ್ದು ಅದರ ಎಂಜಿನ್ನಿಗೆ. ಅಲ್ಲಿಯವರೆಗೆ ಹೊರದೇಶದ ಎಂಜಿನ್ನಿನಲ್ಲಿ ಹಾರುತ್ತಿದ್ದ ನಿಶಾಂತ್‌ಗೆ ಆ ದಿನ ಮೊದಲ ಸಲ ನಮ್ಮಲ್ಲೇ ತಯಾರಾದ ವ್ಯಾಂಕೆಲ್ ಮಾದರಿಯ ರೋಟರಿ ಎಂಜಿನ್ ಹಾಕಿದ್ದರು. ಇದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ. ಮೂರು ಮೂಲೆಯ ರೋಟರ್ ಒಂದು ಗೂಡಿನೊಳಗೆ ಸುತ್ತುತ್ತದೆ. ತೂಕ ಮೂವತ್ತು ಕಿಲೋ ಆಸುಪಾಸು, ಕೊಡುವ ಶಕ್ತಿ 55 ಎಚ್‌ಪಿ. ಹಗುರವಾಗಿರುವುದರ ಜೊತೆಗೆ ನಡುಕವೂ ಕಡಿಮೆ. ಕ್ಯಾಮೆರಾ ಹೊತ್ತು ಕಾವಲು ಕಾಯುವ ವಿಮಾನಕ್ಕೆ ನಡುಕವಿಲ್ಲದ ಎಂಜಿನ್ ಎಂದರೆ ಅರ್ಧ ಕೆಲಸ ಆದಂತೆಯೇ.

ಕೋಲಾರದ ಆ ಬಯಲು ಒಂದು ಕಡೆ, ಇಂಥ ವಿಮಾನಗಳನ್ನು ಹಾರಿಸಿ ನೋಡುವ ಚಳ್ಳಕೆರೆಯ ಹುಲ್ಲುಗಾವಲು ಇನ್ನೊಂದು ಕಡೆ. ನಡುವೆ ತುಮಕೂರು ತಾಲ್ಲೂಕಿನಲ್ಲಿ, ದೇವರಾಯನದುರ್ಗದ ಬುಡದಲ್ಲಿದೆ ನಮ್ಮ ಊರ್ಡಿಗೆರೆ. ನೋಡುವುದಕ್ಕೆಂದೇ ಹಾರುವ ಈ ವಿಮಾನಗಳು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಹುಟ್ಟಿದವು, ನಿಜ. ಆದರೆ ಹಾರಲು ಕಲಿತದ್ದು, ಬಿದ್ದದ್ದು, ಎದ್ದದ್ದು ಈ ಬಯಲುಸೀಮೆಯ ನೆಲದಲ್ಲಿ. ಹಾಗಾಗಿ ಈ ಹಾರುವ ಕಣ್ಣಿನಿಂದ ಆಗುವ ಉಪಕಾರದಲ್ಲಿ ಈ ಸೀಮೆಯ ಊರುಗಳಿಗೆ ಪಾಲು ಇದೆ. ಆ ಕಣ್ಣು ಏನನ್ನು ನೋಡಬೇಕು, ಏನನ್ನು ನೋಡಬಾರದು ಎಂದು ಹೇಳುವ ಹಕ್ಕಿನಲ್ಲೂ ಪಾಲು ಇದೆ. ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ನಿಶಾಂತ್ ಕಟ್ಟಿದ ಸಂಸ್ಥೆಯ ಹೆಸರು ಉದ್ದ: ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್. ಎಲ್ಲರ ಬಾಯಲ್ಲೂ ಎಡಿಇ. ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ ಸೇರಿದ ಇದು ಬೆಂಗಳೂರಿನಲ್ಲಿ ಶುರುವಾದದ್ದು 1959ರಲ್ಲಿ. ಅದೇ ವರ್ಷ ದೆಹಲಿಯಲ್ಲಿ ಹುಟ್ಟಿದ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ಮರುವರ್ಷ ಬೆಂಗಳೂರಿಗೆ ಬಂತು. ಜಯಮಹಲ್ ರಸ್ತೆಯಲ್ಲಿ ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯದಲ್ಲಿ ಅದರ ಮೊದಲ ಕಚೇರಿ ನಡೆಯಿತು. ಒಂದು ಸೇನೆಯ ಕೆಲಸಕ್ಕೆ, ಇನ್ನೊಂದು ನಾಗರಿಕ ವಿಜ್ಞಾನಕ್ಕೆ ಎಂದು ಹುಟ್ಟಿದ್ದರೂ ಪೈಲಟ್‌ರಹಿತ ವಿಮಾನದ ವಿಷಯದಲ್ಲಿ ಎರಡೂ ಹೆಗಲಿಗೆ ಹೆಗಲು ಕೊಟ್ಟೇ ದುಡಿದಿವೆ.

ಎಡಿಇ ಈ ದಾರಿಗೆ ಬಂದದ್ದು ನೋಡುವ ವಿಮಾನದಿಂದ ಅಲ್ಲ, ಹೊಡೆಸಿಕೊಳ್ಳುವ ವಿಮಾನದಿಂದ. ಫಿರಂಗಿ, ಕ್ಷಿಪಣಿಗಳ ತಾಲೀಮಿಗೆ ಗುರಿಯಾಗಿ ಹಾರುವ ‘ಲಕ್ಷ್ಯ’ದ ಕೆಲಸ 1980ರ ದಶಕದಲ್ಲಿ ನಡೆಯಿತು. ಎಚ್‌ಎಎಲ್ ಮಾಡಿದ ಪುಟ್ಟ ಜೆಟ್ ಎಂಜಿನ್ ಅದಕ್ಕೆ. ನೆಲದಿಂದ ರೇಡಿಯೊ ಮೂಲಕ ನಡೆಸುವುದು, ತಾನೇ ಸಮತೋಲ ಕಾಯುವ ಆಟೊಪೈಲಟ್ ಕೂರಿಸುವುದು, ಕೊನೆಗೆ ಪ್ಯಾರಾಚೂಟ್ ಬಿಚ್ಚಿ ವಾಪಸು ಪಡೆಯುವುದು, ಇವೆಲ್ಲ ಅಲ್ಲಿ ಕೈಗೆ ಬಂದ ವಿದ್ಯೆಗಳು. ಕ್ಯಾಮೆರಾ ಹೊರುವ ಸಣ್ಣ ವಿಮಾನದ ಮೊದಲ ಪ್ರಯತ್ನ ‘ಕಪೋತಕ’. ಅದರ ನಂತರ ಬಂತು ನಿಶಾಂತ್.

ನಿಶಾಂತ್‌ನ ಮೊದಲ ಹಾರಾಟ 1995ರಲ್ಲಿ. ತೂಕ 380 ಕಿಲೋ, ಒಮ್ಮೆ ಎದ್ದರೆ ನಾಲ್ಕೂವರೆ ಗಂಟೆ ಮೇಲಿರಬಲ್ಲದು. ಗಡಿಯಲ್ಲಿ ರನ್‌ವೇ ಎಲ್ಲಿಂದ ತರುವುದು? ಹಾಗಾಗಿ ಇದಕ್ಕೆ ಚಕ್ರವನ್ನೇ ಇಡಲಿಲ್ಲ. ಟಾಟ್ರಾ ಲಾರಿಯ ಮೇಲಿನ ಲಾಂಚರ್ ಇದನ್ನು ಕವಣೆಕಲ್ಲಿನಂತೆ ಬೀಸಿ ಎಸೆಯುತ್ತದೆ. ಇಳಿಯುವಾಗ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ಹೊಟ್ಟೆಯಡಿ ಗಾಳಿಚೀಲ ಉಬ್ಬುತ್ತದೆ. ಕೋಲಾರದ ಒಣಕೆರೆ ಬೇಕಾದದ್ದು ಇದಕ್ಕೇ: ಮರವಿಲ್ಲದ, ಮನೆಯಿಲ್ಲದ, ಚಪ್ಪಟೆ ನೆಲ.

ಈ ಕಥೆ ಸುಖವಾಗಿ ಮುಗಿಯಲಿಲ್ಲ. ಸೇನೆಗೆ ಹೋದ ನಾಲ್ಕು ನಿಶಾಂತ್‌ಗಳೂ ಒಂದೊಂದಾಗಿ ನೆಲಕ್ಕಪ್ಪಳಿಸಿದವು. 2015ರಲ್ಲಿ ಸೇನೆ ಇವನ್ನು ಕೈಬಿಟ್ಟಿತು. ಎತ್ತಿ ಎಸೆಯುವುದು ಸುಲಭ, ಇಳಿಸಿಕೊಳ್ಳುವುದೇ ಕಷ್ಟ. ಪ್ಯಾರಾಚೂಟಿಗೆ ಕಟ್ಟಿದ ವಿಮಾನ ಗಾಳಿ ಹೇಳಿದಂತೆ ಕೇಳುತ್ತದೆಯೇ ಹೊರತು ನಾವು ಹೇಳಿದಂತೆ ಅಲ್ಲ. ಇದೇ ವಿಮಾನಕ್ಕೆ ಚಕ್ರ ಹಾಕಿ ‘ಪಂಛಿ’ ಎಂದು ಹೆಸರಿಟ್ಟು 2014ರ ಡಿಸೆಂಬರಿನಲ್ಲಿ ಹಾರಿಸಿದರು. ಪ್ಯಾರಾಚೂಟ್, ಗಾಳಿಚೀಲದ ಭಾರ ಇಳಿದದ್ದರಿಂದ ಅದು ಇನ್ನಷ್ಟು ಹೊತ್ತು ಮೇಲಿರಬಲ್ಲುದಾಯಿತು. ಸೋಲಿನಿಂದ ಸೋಲಿಗೆ ಹೀಗೆ ಒಂದೊಂದು ಗಂಟು ಬಿಚ್ಚುತ್ತ ಹೋದವರ ತಾಳ್ಮೆಯನ್ನು ನಾನು ತುಂಬ ಗೌರವಿಸುತ್ತೇನೆ.

ದೊಡ್ಡ ವಿಮಾನಗಳ ಕಥೆ ಬೇರೆಯೇ ಒಂದು ಲೇಖನ ಬೇಡುತ್ತದೆ. ಎನ್‌ಎಎಲ್‌ನಲ್ಲಿ ಹಗುರ ವಿಮಾನ ಕಟ್ಟಿದ ಪ್ರೊ. ರುಸ್ತುಂ ದಮಾನಿಯಾ ಅವರ ನೆನಪಿಗೆ ‘ರುಸ್ತುಂ’ ಎಂದು ಹೆಸರಾದ ವಿಮಾನ 2010ರ ಅಕ್ಟೋಬರ್ 16ರಂದು ಹೊಸೂರಿನಲ್ಲಿ ಹಾರಿತು. ಅದಕ್ಕಿಂತ ದೊಡ್ಡದಾದ ‘ತಪಸ್’ 2016ರ ನವೆಂಬರ್ 16ರಂದು ಚಳ್ಳಕೆರೆಯ ಪರೀಕ್ಷಾ ವಲಯದಿಂದ ಎದ್ದಿತು. 2023ರ ಜೂನ್ 16ರಂದು ಚಳ್ಳಕೆರೆಯಿಂದ ಹೊರಟ ತಪಸ್‌ನ ಹಿಡಿತವನ್ನು ಕಾರವಾರದಾಚೆ ಸಮುದ್ರದಲ್ಲಿದ್ದ ನೌಕಾಪಡೆಯ ಸುಭದ್ರಾ ಹಡಗು ನಲವತ್ತು ನಿಮಿಷ ತನ್ನ ಕೈಗೆ ತೆಗೆದುಕೊಂಡು ಮತ್ತೆ ನೆಲಕ್ಕೆ ಒಪ್ಪಿಸಿತು. ವಿಮಾನ ಹೊರಟಲ್ಲಿಗೇ ಬಂದು ಇಳಿಯಿತು.

ಈ ಪರೀಕ್ಷಾ ವಲಯಕ್ಕೆ ಜಾಗ ಕೊಟ್ಟದ್ದು ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲು. ಚಳ್ಳಕೆರೆಯಲ್ಲಿ ಡಿಆರ್‌ಡಿಒಗೆ ಸಿಕ್ಕಿದ್ದು 4,290 ಎಕರೆ. ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟದ್ದು ಬೇರೆ. ದನಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕುತ್ತಿದ್ದ ಊರುಗಳ ಮುಂದೆ ಬೇಲಿ ಎದ್ದಾಗ ಜನ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯಲ್ಲಿ, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯಲ್ಲಿ ಇದೇ ವಲಯದಿಂದ ಹಾರಿದ ವಿಮಾನಗಳು ಬಿದ್ದದ್ದೂ ರೈತರ ಹೊಲಗಳಿಗೆ. ಪುಣ್ಯಕ್ಕೆ ಎರಡು ಸಲವೂ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಕಾವಲು ಕೊಟ್ಟದ್ದು ಚಳ್ಳಕೆರೆ ಮಾತ್ರವಲ್ಲ. ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದದ್ದು ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಯಲ್ಲಿ. ದೇಶದ ರೆಕ್ಕೆಗಳಿಗೆ ಬಯಲುಸೀಮೆ ಎಷ್ಟು ನೆಲ ಕೊಟ್ಟಿದೆ ಎಂದು ಒಮ್ಮೆ ಕೂಡಿಸಿ ನೋಡಬೇಕು.

ಈಗ ಚಿಕ್ಕವುಗಳ ಕಡೆಗೆ ಬರೋಣ. ನನಗೆ ಬೆರಗು ಹುಟ್ಟಿಸುವುದು ಇವೇ. ಎನ್‌ಎಎಲ್ ಮತ್ತು ಎಡಿಇ ಸೇರಿ ‘ಬ್ಲ್ಯಾಕ್ ಕೈಟ್’, ‘ಗೋಲ್ಡನ್ ಹಾಕ್’, ‘ಪುಷ್ಪಕ್’ ಎಂಬ ಅತಿ ಸಣ್ಣ ವಿಮಾನಗಳನ್ನು ಮಾಡಿದವು. ಉದ್ದಗಲವೆಲ್ಲ ಅರ್ಧ ಮೀಟರಿನೊಳಗೆ, ತೂಕ ಅರ್ಧ ಕಿಲೋದೊಳಗೆ. ಕೈಯಿಂದ ಬೀಸಿ ಹಾರಿಸುವ ‘ಸ್ಲೈಬರ್ಡ್’ ಇವಕ್ಕಿಂತ ಸ್ವಲ್ಪ ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯ ಏರೋಸ್ಪೇಸ್ ವಿಭಾಗದಲ್ಲೂ ‘ಸಾರಿಕಾ’ದಂಥ ಪುಟ್ಟ ವಿಮಾನಗಳ ಮೇಲೆ ವರ್ಷಗಟ್ಟಲೆ ಅಭ್ಯಾಸ ನಡೆದಿದೆ.

ದೊಡ್ಡ ವಿಮಾನವನ್ನು ಕುಗ್ಗಿಸಿದರೆ ಸಣ್ಣ ವಿಮಾನ ಆಗುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಗಾಳಿ ಹಾಗೆ ಬಿಡುವುದಿಲ್ಲ. ರೆಕ್ಕೆ ಕಿರಿದಾಗಿ ವೇಗ ತಗ್ಗಿದಷ್ಟೂ ಗಾಳಿಯ ಅಂಟುಗುಣ ಮೇಲುಗೈ ಪಡೆಯುತ್ತದೆ. ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯಬೇಕಾದ ಗಾಳಿ ಬೇಗ ಕಳಚಿಕೊಳ್ಳುತ್ತದೆ. ಎತ್ತುವ ಬಲ ಕುಗ್ಗುತ್ತದೆ, ಎಳೆತ ಹೆಚ್ಚುತ್ತದೆ. ಸೆಕೆಂಡಿಗೆ ಹತ್ತು ಹನ್ನೆರಡು ಮೀಟರ್ ವೇಗದಲ್ಲಿ ಹೋಗುವ ಅರ್ಧ ಕಿಲೋದ ವಿಮಾನಕ್ಕೆ ಎಂಟು ಮೀಟರ್ ವೇಗದ ಗಾಳಿ ಎದುರಾದರೆ, ಅದು ಮುಂದೆ ಸರಿಯುವುದೇ ಕಷ್ಟ. ದೊಡ್ಡ ವಿಮಾನಕ್ಕೆ ಗೊತ್ತೇ ಆಗದ ಬೀಸು ಇದನ್ನು ಮಗುಚಿಹಾಕುತ್ತದೆ. ಕೈಯಲ್ಲಿ ರಿಮೋಟ್ ಹಿಡಿದ ಮನುಷ್ಯ ಕಣ್ಣಿಟ್ಟು ತಿದ್ದುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾಗಾಗಿ ಸೆಕೆಂಡಿಗೆ ನೂರಾರು ಸಲ ಓಲಾಟ ಅಳೆದು ತಿದ್ದುವ ಆಟೊಪೈಲಟ್ ಬೇಕು, ಅದು ಕೆಲವೇ ಗ್ರಾಂ ತೂಗಬೇಕು. ಬ್ಯಾಟರಿ, ಕ್ಯಾಮೆರಾ, ರೇಡಿಯೊ ಎಲ್ಲವೂ ಗ್ರಾಮಿನ ಲೆಕ್ಕದಲ್ಲೇ ಬರಬೇಕು. ಎಂಜಿನಿಯರುಗಳು ಬೆವರು ಸುರಿಸಿದ್ದು ಈ ಗ್ರಾಮುಗಳಿಗಾಗಿ.

ಇವತ್ತು ಮದುವೆ ಛತ್ರದ ಮೇಲೆ ಗುಂಯ್‌ಗುಟ್ಟುವ ನಾಲ್ಕು ರೆಕ್ಕೆಯ ಡ್ರೋನ್ ಈ ಪರಂಪರೆಯ ನೇರ ಕೂಸಲ್ಲ. ಅದರ ಹಿಂದೆ ಮೊಬೈಲ್ ಫೋನಿಗೆಂದು ಅಗ್ಗವಾದ ಸಂವೇದಕಗಳು, ಲಿಥಿಯಂ ಬ್ಯಾಟರಿಗಳು ಇವೆ. ಆದರೂ ಬೆಂಗಳೂರಿನಲ್ಲಿ ಈ ವಿದ್ಯೆ ಬಲ್ಲವರ ಬಳಗ ಇದ್ದದ್ದರಿಂದಲೇ 2011ರಲ್ಲಿ ಆಸ್ಟೀರಿಯಾ ಏರೋಸ್ಪೇಸ್, ಆಮೇಲೆ ಸ್ಕೈಲಾರ್ಕ್, ಜನರಲ್ ಏರೋನಾಟಿಕ್ಸ್‌ನಂಥ ಖಾಸಗಿ ಸಂಸ್ಥೆಗಳು ಇಲ್ಲಿ ಬೇರುಬಿಟ್ಟವು ಎಂಬುದು ನನ್ನ ಅನಿಸಿಕೆ.

ಊರ್ಡಿಗೆರೆ ಹೋಬಳಿಗೆ ಇದರಿಂದೇನು? ಸುತ್ತ ದೇವರಾಯನದುರ್ಗದ ಕಾಡು, ಬಂಡೆ ಬೆಟ್ಟ, ನಾಮದ ಚಿಲುಮೆ. ಶಿಂಷಾ, ಜಯಮಂಗಲಿ ಹುಟ್ಟುವ ನೆಲ. ಶಿವರಾತ್ರಿ ಕಳೆದು ಹುಲ್ಲು ಒಣಗಿದರೆ ಬೆಂಕಿಯ ಭಯ. ಬೆಟ್ಟದ ಆಚೆ ಮಗ್ಗುಲಲ್ಲಿ ಎದ್ದ ಹೊಗೆ ಈಚೆಯವರಿಗೆ ಕಾಣುವ ಹೊತ್ತಿಗೆ ಬೆಂಕಿ ಎಷ್ಟೋ ದೂರ ಹಬ್ಬಿರುತ್ತದೆ. ಇನ್ನು ಚಿರತೆ. 2019-20ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಸೀಮೆಯಲ್ಲಿ ಚಿರತೆ ದಾಳಿಗೆ ಜನ ಪ್ರಾಣ ತೆತ್ತರು, ಅವರಲ್ಲಿ ಮಕ್ಕಳೂ ಇದ್ದರು. ದನಕ್ಕೆ ಹುಲ್ಲು ತರಲು ಹೋಗುವ ಹೆಂಗಸರು ಆ ದಿನಗಳಲ್ಲಿ ಅನುಭವಿಸಿದ ಭಯ ಈ ಸೀಮೆ ಮರೆಯುವಂಥದ್ದಲ್ಲ.

ಶಾಖ ಕಾಣುವ ಥರ್ಮಲ್ ಕ್ಯಾಮೆರಾ ಹೊತ್ತ ಎರಡು ಕಿಲೋದ ಡ್ರೋನ್ ಇಲ್ಲಿ ಕೆಲಸಕ್ಕೆ ಬರುತ್ತದೆ. 2023ರಲ್ಲಿ ಬೆಂಗಳೂರಿನ ಬೊಮ್ಮನಹಳ್ಳಿ ಕಡೆ ಚಿರತೆ ನುಗ್ಗಿದಾಗ ಅರಣ್ಯ ಇಲಾಖೆ ಇಂಥದ್ದನ್ನೇ ಹಾರಿಸಿ ಹುಡುಕಿತು. ಆದರೆ ನಮ್ಮ ಬೆಟ್ಟಕ್ಕೆ ಬಂದರೆ ಕೆಲವು ಸೂಕ್ಷ್ಮಗಳಿವೆ. ಮಧ್ಯಾಹ್ನದ ಬಿಸಿಲಿಗೆ ಕಾದ ಬಂಡೆ ಪ್ರಾಣಿಯ ಮೈಯಷ್ಟೇ ಬಿಸಿ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಪರದೆಯ ಮೇಲೆ ಬಂಡೆ ಯಾವುದು, ಚಿರತೆ ಯಾವುದು ಎಂದು ತಿಳಿಯುವುದಿಲ್ಲ. ರಾತ್ರಿಯೆಲ್ಲ ತಣಿದ ಕಲ್ಲಿನ ನಡುವೆ ಪ್ರಾಣಿ ಬೆಳ್ಳಗೆ ಎದ್ದು ಕಾಣುವುದು ಬೆಳಗಿನ ಜಾವದಲ್ಲಿ. ರೇಡಿಯೊ ಲಿಂಕ್ ಗುಡ್ಡವನ್ನು ದಾಟುವುದಿಲ್ಲ, ಆದ್ದರಿಂದ ಬುಡದಿಂದ ಹಾರಿಸುವುದಕ್ಕಿಂತ ದುರ್ಗದ ಮೇಲಿನಿಂದ ಹಾರಿಸುವುದು ಲೇಸು. ಬ್ಯಾಟರಿ ನಿಲ್ಲುವುದು ಅರ್ಧ ಗಂಟೆ, ಅದರಲ್ಲಿ ಮರಳಿ ಬರಲು ಒಂದು ಪಾಲು ಉಳಿಸಿಕೊಳ್ಳಬೇಕು. ಪ್ರಾಣಿಯ ಓಡಾಟದ ದಾರಿ ಬಲ್ಲ ಫಾರೆಸ್ಟ್ ವಾಚರ್ ಜೊತೆಗಿಲ್ಲದಿದ್ದರೆ ಆ ಅರ್ಧ ಗಂಟೆ ಖಾಲಿ ಕಲ್ಲು ನೋಡುವುದರಲ್ಲೇ ಮುಗಿಯುತ್ತದೆ.

ನೋಡುವ ಶಕ್ತಿ ಬಂದ ಮೇಲೆ ನೋಡುವ ಮಿತಿಯನ್ನೂ ಕೇಳಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಾಲ್ಕು ವರ್ಷದ ಮೇಲೆ, 2021ರ ಆಗಸ್ಟ್ 25ರಂದು, ಡ್ರೋನ್ ನಿಯಮಗಳು ಬಂದವು. 250 ಗ್ರಾಂವರೆಗೆ ನ್ಯಾನೊ, ಎರಡು ಕಿಲೋವರೆಗೆ ಮೈಕ್ರೊ, ಇಪ್ಪತ್ತೈದು ಕಿಲೋವರೆಗೆ ಸ್ಮಾಲ್. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಾಟಕ್ಕೆ ಮುಂಚಿತ ಅನುಮತಿ ಬೇಡ. ಬೇಕೆಂದಾಗ ಪೊಲೀಸರು 96 ಗಂಟೆಗಳವರೆಗೆ ಒಂದು ಜಾಗವನ್ನು ತಾತ್ಕಾಲಿಕ ಕೆಂಪು ವಲಯ ಎಂದು ಸಾರಬಹುದು. ಈ ನಿಯಮಗಳ ಒತ್ತು ಆಕಾಶದ ಸುರಕ್ಷತೆಯ ಮೇಲೆ. ಮೇಲಿನಿಂದ ತೆಗೆದ ಚಿತ್ರ ಯಾರ ಬಳಿ, ಎಷ್ಟು ದಿನ ಇರಬೇಕು ಎಂಬುದನ್ನು ಊರಿನವರು ಗ್ರಾಮಸಭೆಯಲ್ಲೇ ಕೇಳಬೇಕು. ಬಯಲಿಗೆ ಹೋಗುವ ದಾರಿ, ಹಿತ್ತಲ ಬಚ್ಚಲು, ತೋಟದ ಕೆಲಸದ ಹೆಂಗಸರು ಎಲ್ಲವೂ ಆ ಚಿತ್ರದಲ್ಲಿ ಸೇರಿರುತ್ತವೆ. ಚಿರತೆ ಹುಡುಕಲು ಹೋದ ಕಣ್ಣು ಚಿರತೆಯನ್ನೇ ನೋಡಿಕೊಂಡು ಬರಬೇಕು. ಉಳಿದದ್ದನ್ನು ಅಳಿಸಿದ ದಾಖಲೆ ಪಂಚಾಯಿತಿಗೆ ಸಿಗಬೇಕು.

ಅದಕ್ಕೆ ನೆಟ್ಟಗಿನ ದಾರಿ, ಹಾರಿಸುವವರು ಊರಿನವರೇ ಆಗುವುದು. ಹದಿನೆಂಟು ತುಂಬಿ, ಹತ್ತನೇ ತರಗತಿ ಪಾಸಾಗಿದ್ದರೆ ಮಾನ್ಯತೆ ಪಡೆದ ತರಬೇತಿ ಸಂಸ್ಥೆಯಲ್ಲಿ ಕಲಿತು ರಿಮೋಟ್ ಪೈಲಟ್ ಪ್ರಮಾಣಪತ್ರ ಪಡೆಯಬಹುದು. ಅರವತ್ತೈದರವರೆಗೆ ಅವಕಾಶವಿದೆ. ಪ್ರತಿ ಅರಣ್ಯ ವಲಯದಲ್ಲಿ ಸ್ಥಳೀಯ ವಾಚರ್‌ಗಳ ಪೈಕಿ ಇಬ್ಬರನ್ನಾದರೂ ಇಲಾಖೆ ತನ್ನ ಖರ್ಚಿನಲ್ಲಿ ಈ ತರಬೇತಿಗೆ ಕಳಿಸಬೇಕು. ಕಾಡಿಗೆ ಬೆಂಕಿ ಹಬ್ಬದಂತೆ ತಡೆಯುವ ಬೆಂಕಿರೇಖೆಯ ಕೆಲಸ ಶುರುವಾಗುವ ಜನವರಿಯೊಳಗೆ ಅವರು ಕಲಿತು ಬಂದಿದ್ದರೆ, ಆ ವರ್ಷದ ಬೆಂಕಿಗೇ ಅವರ ವಿದ್ಯೆ ಒದಗುತ್ತದೆ.