ಮಹಾಮಾರಿಯ ಕಾಲದಲ್ಲಿ ಹಾದಿಯ ಹಣ: ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ಬೇಸಾಯಕ್ಕೆ ತಟ್ಟಿದ ಪೆಟ್ಟು

ನಮ್ಮ ಬೇಸಾಯಗಾರರು ವರ್ಷದ ಹುಟ್ಟುವಳಿಯನ್ನು ಲೆಕ್ಕ ಹಾಕುವಾಗ ಮಳೆ, ಬೀಜ, ಗೊಬ್ಬರ, ಕೂಲಿ, ಮಂಡಿಯ ಧಾರಣೆ ಇವಿಷ್ಟನ್ನೇ ಗಣನೆಗೆ ತೆಗೆದುಕೊಳ್ಳುವುದು ವಾಡಿಕೆ. ಹಾದಿಯಲ್ಲಿ ಹೋಗುವ ಪ್ರಯಾಣಿಕನು ಊರಿನಲ್ಲಿ ಬಿಟ್ಟುಹೋಗುವ ಹಣವು ಆ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಚಾಮರಾಜನಗರ ಜಿಲ್ಲೆಯಲ್ಲಿ, ಅದರಲ್ಲಿಯೂ ವಿಶೇಷವಾಗಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಈ ಹಣವು ಜಮೀನಿನ ಆದಾಯದೊಡನೆ ಎಷ್ಟರಮಟ್ಟಿಗೆ ಬೆರೆತುಹೋಗಿದ್ದಿತೆಂಬುದು, 2020ನೆಯ ಇಸವಿಯಲ್ಲಿ ಕೋವಿಡ್ ಮಹಾಮಾರಿಯ ದೆಸೆಯಿಂದ ರಸ್ತೆಗಳು ಬರಿದಾದ ಮೇಲೆಯೇ ವಿಶದವಾಯಿತು. ಗ್ರಾಮದ ಯಜಮಾನರೂ ಜಮೀನುದಾರರೂ ಈ ವಿಷಯವನ್ನು ಸಾವಧಾನವಾಗಿ ಪರ್ಯಾಲೋಚಿಸುವುದು ಅವಶ್ಯ. ಏಕೆಂದರೆ, ಹಾದಿಯ ಹಣವು ನಿಂತಾಗ ಸಾಲದ ಹೊರೆಯು ಮೊದಲು ಬೀಳುವುದು ಗುತ್ತಿಗೆಗೆ ಉಳುವವನ ಮೇಲೆ. ಅವನ ಹಿಂದೆಯೇ ಜಮೀನಿನ ಒಡೆಯನ ಮೇಲೆ.

ಗುಂಡ್ಲುಪೇಟೆಯು ಮೂರು ಸೀಮೆಗಳ ಹಾದಿಗಳು ಕೂಡುವ ಸ್ಥಳ. ಮೈಸೂರು ನಂಜನಗೂಡುಗಳ ಕಡೆಯಿಂದ ಬರುವ ಹೆದ್ದಾರಿಯು ಇಲ್ಲಿ ಕವಲೊಡೆದು, ಒಂದು ಕವಲು ಮದ್ದೂರು, ಮೂಲೆಹೊಳೆಗಳ ಮಾರ್ಗವಾಗಿ ವಯನಾಡಿನ ಸುಲ್ತಾನ್ ಬತ್ತೇರಿಗೂ ಅಲ್ಲಿಂದ ಕಲ್ಲಿಕೋಟೆಗೂ ಹೋಗುತ್ತದೆ. ಇನ್ನೊಂದು ಬಂಡೀಪುರದ ಕಾಡನ್ನು ಹಾದು ಉದಕಮಂಡಲಕ್ಕೆ ಏರುತ್ತದೆ. ಪೂರ್ವಕ್ಕೆ ತೆರಕಣಾಂಬಿಯ ಮೇಲೆ ಚಾಮರಾಜನಗರದ ರಸ್ತೆ. ಕಾಡಿನ ಹಾದಿಯಲ್ಲಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರವು 2009ರಿಂದ ನಿಷಿದ್ಧವಾಗಿರುವುದರಿಂದ, ಹೊತ್ತುಮೀರಿ ಬಂದವರು ಗುಂಡ್ಲುಪೇಟೆಯಲ್ಲಿಯೇ ಉಣ್ಣಬೇಕು, ಇಲ್ಲಿಯೇ ಮಲಗಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬರುವ ಭಕ್ತರೂ, ಬಂಡೀಪುರದಲ್ಲಿ ಹುಲಿಯನ್ನು ನೋಡುವ ಆಸೆಯಿಂದ ಬರುವ ಪಟ್ಟಣಿಗರೂ ಇದೇ ಪೇಟೆಯಲ್ಲಿ ಇಳಿಯುತ್ತಾರೆ.

ಹೀಗೆ ಇಳಿದವನು ತಿನ್ನುವ ಇಡ್ಲಿಯ ಅಕ್ಕಿ, ಸಾಂಬಾರಿನ ಸಣ್ಣ ಈರುಳ್ಳಿ, ಟೊಮೆಟೊ, ಕುಡಿಯುವ ಎಳನೀರು, ಕೊಳ್ಳುವ ಬಾಳೆಯ ಗೊನೆ, ಮುಡಿಗೆ ಹೂವು ಇವುಗಳಲ್ಲಿ ಬಹುಪಾಲು ಸುತ್ತಣ ಹೊಲಗಳ ಪದಾರ್ಥವೇ ಆಗಿರುತ್ತದೆ. ಹೋಟೆಲಿನವನು ಮಂಡಿಯಿಂದ ಕೊಳ್ಳುತ್ತಾನೆ, ಮಂಡಿಯವನು ರೈತನಿಂದ ಕೊಳ್ಳುತ್ತಾನೆ. ರೈತನಿಗೆ ಮಂಡಿಯವನ ಮುಖ ಮಾತ್ರ ಕಾಣುತ್ತದೆ. ಇದಲ್ಲದೆ ಮಧ್ಯವರ್ತಿಯೇ ಇಲ್ಲದ ಒಂದು ಆದಾಯವೂ ಉಂಟು. ಮುಂಗಾರಿನ ಮೊದಲ ಮಳೆಗೆ ಬಿತ್ತಿದ ಸೂರ್ಯಕಾಂತಿಯು ಜೂನ್, ಜುಲೈ ತಿಂಗಳುಗಳಲ್ಲಿ ರಸ್ತೆಯ ಎರಡೂ ಮಗ್ಗುಲುಗಳಲ್ಲಿ ಅರಳಿ ನಿಂತಾಗ, ಕೇರಳದಿಂದ ಬರುವ ಕುಟುಂಬಗಳು ವಾಹನಗಳನ್ನು ನಿಲ್ಲಿಸಿ ಹೊಲದೊಳಗೆ ಚಿತ್ರ ತೆಗೆಸಿಕೊಳ್ಳುವುದು ರೂಢಿಗೆ ಬಂದಿದೆ. ಮೊದಮೊದಲು ಗಿಡ ತುಳಿದರೆಂದು ಗದರಿಸುತ್ತಿದ್ದ ರೈತರು, ಕ್ರಮೇಣ ತಲೆಗೆ ಹತ್ತಿಪ್ಪತ್ತು ರೂಪಾಯಿ ಪಡೆದು ಒಳಗೆ ಬಿಡಲು ತೊಡಗಿದರು. ಎಣ್ಣೆಯ ಬೀಜಕ್ಕಾಗಿ ಬಿತ್ತಿದ ಫಸಲು ಬೀಜ ಕಟ್ಟುವುದಕ್ಕೆ ಮುಂಚೆಯೇ ಹಣ ತರುವುದೆಂಬ ಸಂಗತಿಯು ನಮ್ಮ ಹಿರಿಯರಿಗೆ ತಿಳಿದಿದ್ದರೆ ನಗುತ್ತಿದ್ದರೇನೋ. ಆದರೆ ರಸ್ತೆಯ ಅಂಚಿನ ಜಮೀನಿನ ಗುತ್ತಿಗೆಯನ್ನು ನಿಷ್ಕರ್ಷೆ ಮಾಡುವಾಗ ಇದನ್ನು ಮರೆಯುವ ಒಡೆಯನು ಇಂದು ವಿರಳ.

ಇನ್ನು 2020ರ ಸಂಗತಿ. ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ದೇಶಾದ್ಯಂತ ಲಾಕ್‌ಡೌನ್. ಇದಕ್ಕೆ ಆಧಾರವಾದ ಶಾಸನಗಳಲ್ಲಿ ಒಂದು 1897ನೆಯ ಇಸವಿಯ ಸಾಂಕ್ರಾಮಿಕ ರೋಗಗಳ ಕಾಯಿದೆ. ಪ್ಲೇಗಿನ ಕಾಲದಲ್ಲಿ ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವುದಕ್ಕೆ ಅಧಿಕಾರ ಕೊಟ್ಟದ್ದೂ ಅದೇ ಕಾಯಿದೆಯೇ. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 2020ರಲ್ಲಿ ಪಟ್ಟಣದ ಕೂಲಿಗೆ ಹೋಗಿದ್ದವರು ಊರಿಗೇ ಮರಳಿದರು, ಊರವರು ಹಳ್ಳಿಯ ದಾರಿಗೆ ಮುಳ್ಳು ಹಾಕಿದರು.

ಚಾಮರಾಜನಗರ ಜಿಲ್ಲೆಯ ಮಟ್ಟಿಗೆ ಗಮನಿಸತಕ್ಕ ವಿಶೇಷವೊಂದಿದೆ. 2020ರ ಜೂನ್ ತಿಂಗಳಿನ ಎರಡನೆಯ ವಾರದವರೆಗೆ ಈ ಜಿಲ್ಲೆಯಲ್ಲಿ ಒಬ್ಬ ರೋಗಿಯೂ ಇರಲಿಲ್ಲ. ಹಸಿರು ವಲಯವೆಂದು ಎಲ್ಲರೂ ಕೊಂಡಾಡುತ್ತಿದ್ದ ಕಾಲದಲ್ಲಿಯೇ ಸಫಾರಿ ನಿಂತಿತ್ತು, ದೇವಾಲಯಗಳು ಮುಚ್ಚಿದ್ದವು, ಹೋಟೆಲುಗಳಲ್ಲಿ ಕುಳಿತು ಉಣ್ಣುವುದು ನಿಷಿದ್ಧವಾಗಿತ್ತು. ರೋಗವು ಬರುವುದಕ್ಕೆ ಎರಡೂವರೆ ತಿಂಗಳು ಮುಂಚೆಯೇ ನಷ್ಟವು ಬಂದು ಕುಳಿತಿತ್ತು. ರೋಗದ ಪೆಟ್ಟಾದರೋ ತಡವಾಗಿ ಬಂದರೂ ಘೋರವಾಗಿ ಬಂದಿತು: ಆಮ್ಲಜನಕದ ಕೊರತೆಯ ನಡುವೆ 2021ರ ಮೇ 2 ಮತ್ತು 3ರಂದು ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಅಸುನೀಗಿದ ದುಃಖವನ್ನು ಈ ಜಿಲ್ಲೆಯವರು ಮರೆಯಲಾರರು.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಸರ್ಕಾರದವರು ನಿಲ್ಲಿಸಿದ್ದು ಮನುಷ್ಯರ ಸಂಚಾರವನ್ನು; ಸರಕಿನ ಸಂಚಾರವನ್ನಲ್ಲ. ಬೇಸಾಯದ ಕೆಲಸಗಳಿಗೂ ಮಂಡಿಗಳಿಗೂ ಮಾರ್ಚ್ ಕೊನೆಯಲ್ಲಿಯೇ ವಿನಾಯಿತಿ ದೊರೆಯಿತು. ಕೇರಳದ ಗಡಿಯಲ್ಲಿ ಹಲವು ರಸ್ತೆಗಳನ್ನು ಮುಚ್ಚಿದ ಸಮಯದಲ್ಲಿಯೂ ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ರಸ್ತೆಯು ಅವಶ್ಯಕ ಸಾಮಗ್ರಿಗಳಿಗೆ ತೆರೆದಿತ್ತು. ಹಾಗಾದರೆ ತರಕಾರಿ ಬೆಳೆದವನಿಗೆ ನಷ್ಟವೇಕೆ ಎಂದು ಕೇಳಬಹುದು. ಲಾರಿಗೆ ದಾರಿ ಇತ್ತು, ಆದರೆ ಆ ಕಡೆಯಲ್ಲಿ ಉಣ್ಣುವವನು ಇರಲಿಲ್ಲ. ಬೇಸಗೆಯಲ್ಲಿ ಉದಕಮಂಡಲದ ಹೋಟೆಲುಗಳು ತುಂಬಿದ್ದರೆ ಅಲ್ಲಿಯ ಅಡಿಗೆಮನೆಗೆ ಬೇಕಾಗುವ ತರಕಾರಿಯ ಪ್ರಮಾಣವೇ ಬೇರೆ; ಕಲ್ಯಾಣಮಂಟಪದಲ್ಲಿ ಸಾವಿರ ಎಲೆ ಹಾಕುವ ಮದುವೆಗೂ, 2020ರಲ್ಲಿ ವಿಧಿಸಿದ 50 ಮಂದಿಯ ಮಿತಿಯ ಮದುವೆಗೂ ಬೇಕಾಗುವ ಕುಂಬಳಕಾಯಿಯ ಲೆಕ್ಕವೇ ಬೇರೆ. ಮನೆಯಲ್ಲಿ ಉಣ್ಣುವವನು ಮಿತವಾಗಿ ಉಣ್ಣುತ್ತಾನೆ. ಪ್ರವಾಸದಲ್ಲಿರುವವನು ಹೆಚ್ಚಾಗಿ ಕೊಳ್ಳುತ್ತಾನೆ, ಹೆಚ್ಚಾಗಿ ಬಿಸಾಡುತ್ತಾನೆ. ಧಾರಣೆಯನ್ನು ಎತ್ತಿ ಹಿಡಿಯುವುದರಲ್ಲಿ ಆ ದುಂದಿಗೂ ಒಂದು ಪಾಲುಂಟು.

ತರಕಾರಿಗಿಂತಲೂ ಹೆಚ್ಚಿನ ಕಷ್ಟವು ಹೂವಿನದಾಯಿತು. ತರಕಾರಿಯನ್ನು ಅಗ್ಗಕ್ಕಾದರೂ ತಿನ್ನುವವರುಂಟು, ಹೂವನ್ನು ತಿನ್ನುವವರಿಲ್ಲ. ದೇವರಿಗೆ ಹೂವು, ಮದುವೆಗೆ ಹೂವು, ಜಾತ್ರೆಗೆ ಹೂವು. ಮೂರೂ ಜನ ಸೇರುವ ಸಂದರ್ಭಗಳೇ. ಮಾರ್ಚಿನಿಂದ ಮೇವರೆಗಿನ ಮದುವೆಯ ತಿಂಗಳುಗಳಲ್ಲಿ ರಾಜ್ಯದ ಹಲವೆಡೆ ಅರಳಿದ ಹೂವನ್ನು ಕೊಯ್ಯದೆ ತೋಟದೊಂದಿಗೇ ಉತ್ತುಬಿಟ್ಟರು. ಕೊಯ್ಲಿನ ಕೂಲಿಯೂ ಹುಟ್ಟದಿರುವಲ್ಲಿ ಬೇರೆ ದಾರಿ ಇರಲಿಲ್ಲ. ಗುಂಡ್ಲುಪೇಟೆಯ ಚೆಂಡುಹೂವು, ಸೇವಂತಿಗೆಗಳಿಗೆ ಮತ್ತೊಂದು ದೊಡ್ಡ ಆಶ್ರಯವೆಂದರೆ ಕೇರಳದ ಓಣಂ ಹಬ್ಬ. ಹತ್ತು ದಿವಸಗಳ ಕಾಲ ಮನೆಯ ಮುಂದೆ ಪೂಕಳಂ ಎಂಬ ಹೂವಿನ ರಂಗವಲ್ಲಿ ಹಾಕುವ ಅವರಿಗೆ ಹೂವು ಹೋಗುವುದು ನಮ್ಮ ಸೀಮೆಯಿಂದಲೂ ತಮಿಳುನಾಡಿನಿಂದಲೂ. 2020ರಲ್ಲಿ ತಿರುವೋಣವು ಆಗಸ್ಟ್ 31ಕ್ಕೆ ಬಂದಿತು. ಹೊರ ರಾಜ್ಯದ ಹೂವಿನೊಂದಿಗೆ ರೋಗವೂ ಬಂದೀತೆಂಬ ಭಯದಿಂದ, ಆಯಾ ಊರಿನ ಹೂವನ್ನೇ ಬಳಸಬೇಕೆಂದು ಕೇರಳ ಸರ್ಕಾರವು ಮೊದಲು ಸೂಚಿಸಿತು. ಬಳಿಕ ನಿರ್ಬಂಧವು ಸಡಿಲವಾಯಿತಾದರೂ, ಹೂವಿನ ವ್ಯಾಪಾರದಲ್ಲಿ ಒಂದು ವಾರದ ಅನುಮಾನವೆಂದರೆ ಒಂದು ಫಸಲಿನ ಅನುಮಾನ.

ಬಣ್ಣದ ಸತ್ತ್ವವನ್ನು ತೆಗೆಯುವ ಕಾರ್ಖಾನೆಗಳಿಗೆ ಒಪ್ಪಂದದ ಮೇಲೆ ಬೆಳೆಯುವ ಚೆಂಡುಹೂವು ಇದಕ್ಕಿಂತ ಭಿನ್ನವಾದುದು. ಅದರ ಧಾರಣೆಯು ಬಿತ್ತುವ ಮುಂಚೆಯೇ ನಿಶ್ಚಯವಾಗಿ, ಹಬ್ಬ ಹುಣ್ಣಿಮೆಗಳನ್ನು ಅವಲಂಬಿಸುವುದಿಲ್ಲ. ಒಳ್ಳೆಯ ವರ್ಷದಲ್ಲಿ ಮಂಡಿಯ ಹೂವಿನಷ್ಟು ಲಾಭ ಅದರಲ್ಲಿಲ್ಲವೆಂದು ರೈತರು ಮೂಗು ಮುರಿಯುವುದುಂಟು. ಅದು ನಿಜವೇ. ಆದರೆ ಎಲ್ಲ ಎಕರೆಗಳನ್ನೂ ಹಬ್ಬದ ಮೇಲೆಯೇ ಪಣವಾಗಿ ಇಡುವುದು ವಿವೇಕವೆಂದು ಹೇಳಲಾಗುವುದಿಲ್ಲ.

ಸೂರ್ಯಕಾಂತಿಯ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬಹುದು. ಹೊರ ರಾಜ್ಯದವರಿಗೆ ನೋಂದಣಿ, ಮನೆಯಲ್ಲಿ ಪ್ರತ್ಯೇಕವಾಗಿರುವುದು ಮುಂತಾದ ನಿಬಂಧನೆಗಳನ್ನು ಕರ್ನಾಟಕವು ರದ್ದುಪಡಿಸಿದ್ದು ಆ ವರ್ಷದ ಆಗಸ್ಟ್ 24ರಂದು. ಅಷ್ಟರಲ್ಲಿ ಹೂವಿನ ಕಾಲವು ಮುಗಿದು ತೆನೆಗಳು ಬಾಗಿದ್ದವು. ಬೀಜಕ್ಕೆ ಬರತಕ್ಕದ್ದು ಬಂದಿತು; ಚಿತ್ರದ ಹಣವು ಬರಲಿಲ್ಲ.

ದೇಶದ ಒಟ್ಟು ಲೆಕ್ಕವನ್ನು ನೋಡಿದರೆ ನಮ್ಮ ಸೀಮೆಯ ಸ್ಥಿತಿಯು ಅಪವಾದವೇನೂ ಅಲ್ಲವೆಂದು ತಿಳಿಯುತ್ತದೆ. ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯದ ಅಂಕಿಗಳ ಪ್ರಕಾರ, ದೇಶದೊಳಗಿನ ಪ್ರವಾಸಿಗಳ ಭೇಟಿಗಳು 2019ರಲ್ಲಿ ಸುಮಾರು 232 ಕೋಟಿ ಇದ್ದುವು 2020ರಲ್ಲಿ 61 ಕೋಟಿಗೆ ಇಳಿದು, 2021ರಲ್ಲಿ 68 ಕೋಟಿಯ ಸಮೀಪದಲ್ಲಿಯೇ ನಿಂತುವು. ಕರ್ನಾಟಕದಲ್ಲಿ 23 ಕೋಟಿಯ ಹತ್ತಿರವಿದ್ದ ಸಂಖ್ಯೆಯು 2020ರಲ್ಲಿ 8 ಕೋಟಿಗಿಂತಲೂ ಕೆಳಗಾಯಿತು. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರೇ ತಿಂಗಳುಗಳಲ್ಲಿ ಪ್ರವಾಸದ ಕಸುಬಿನಲ್ಲಿ ಒಂದು ಕೋಟಿ 45 ಲಕ್ಷ ಉದ್ಯೋಗಗಳು ಹೋದುವೆಂದು, ಆ ಮಂತ್ರಾಲಯಕ್ಕಾಗಿ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯವರು ಅಂದಾಜು ಮಾಡಿದರು. ಎಳನೀರು ಕೊಚ್ಚುವವನೂ ಹೊಲದ ಬದುವಿನಲ್ಲಿ ನಿಂತು ಹತ್ತು ರೂಪಾಯಿ ಪಡೆಯುವವನೂ ಇಂಥ ಅಂದಾಜಿನಲ್ಲಿ ಪೂರ್ಣವಾಗಿ ಸೇರಿರುವುದು ಸಂಶಯ.

ಪ್ರವಾಸವೆಂದೊಡನೆ ಹುಲಿಯನ್ನು ನೋಡಲು ಬರುವ ಶ್ರೀಮಂತರ ಚಿತ್ರವೇ ಮನಸ್ಸಿಗೆ ಬರುವುದು ಸಹಜ. ಆದರೆ 2014-15ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಕಂಡುಬಂದಂತೆ, ನಮ್ಮ ಜನರು ರಾತ್ರಿ ತಂಗುವ ಪ್ರಯಾಣಗಳಲ್ಲಿ ಬಹುಪಾಲು ಬಂಧುಗಳನ್ನು ನೋಡುವುದು, ಮದುವೆ ಮುಂತಾದ ಕಾರಣಗಳಿಗಾಗಿಯೇ. ಚಾಮರಾಜನಗರದ ಚಾಮರಾಜೇಶ್ವರಸ್ವಾಮಿಯ ಆಷಾಢದ ರಥೋತ್ಸವವನ್ನೇ ತೆಗೆದುಕೊಳ್ಳಿ. ಹೊಸದಾಗಿ ಮದುವೆಯಾದ ದಂಪತಿಗಳು ಸುತ್ತಣ ಊರುಗಳಿಂದ ಬಂದು ರಥಕ್ಕೆ ಹಣ್ಣು ಜವನ ಎಸೆಯುವ ಪದ್ಧತಿಯಿದೆ. ಅವರ ಸಂಗಡ ಎರಡೂ ಕಡೆಯ ಬೀಗರು. 2017ರಲ್ಲಿ ರಥಕ್ಕೆ ಬೆಂಕಿ ಬಿದ್ದು ನಿಂತ ಉತ್ಸವವು, ಅದರ ಹಿಂದೆಯೇ ಬಂದ ಮಹಾಮಾರಿಯೂ ಸೇರಿ, ಹೊಸ ರಥದೊಡನೆ ಮತ್ತೆ ನಡೆದದ್ದು 2022ರಲ್ಲಿ. ಅಷ್ಟು ಆಷಾಢಗಳು ಬಾಳೆಹಣ್ಣಿನವನಿಗೂ ಹೂವಾಡಿಗನಿಗೂ ಬರಿದಾಗಿ ಹೋದುವು.

2020ರ ಜೂನ್ 8ರಿಂದ ದೇವಾಲಯಗಳೂ ಹೋಟೆಲುಗಳೂ ತೆರೆದುವು. ವಿದೇಶಕ್ಕೆ ಹೋಗಿಬರುವ ಸಾಮಾನ್ಯ ವಿಮಾನಗಳು 2022ರ ಮಾರ್ಚ್ 27ರವರೆಗೆ ನಿಂತೇ ಇದ್ದುದರಿಂದ, ಹಣವುಳ್ಳ ಪಟ್ಟಣಿಗರು ಹತ್ತಿರದ ಕಾಡು ಬೆಟ್ಟಗಳ ಕಡೆಗೆ ಮುಖ ಮಾಡಿದರು. ಆದರೆ ಹಾಗೆ ಬಂದವರು ಬಸ್ಸಿನಲ್ಲಿ ಬರಲಿಲ್ಲ, ಸ್ವಂತ ಕಾರಿನಲ್ಲಿ ಬಂದರು. ಸೋಂಕಿನ ಭಯದಿಂದ ಬುತ್ತಿ ಕಟ್ಟಿಕೊಂಡು ಬಂದು, ನೇರವಾಗಿ ಕಾಡಿನಂಚಿನ ವಸತಿಗೃಹಗಳನ್ನು ಸೇರಿದರು. ಹೀಗಾಗಿ ಪ್ರಯಾಣದ ಹಣವು ಮರಳಿತೆಂದು ಪತ್ರಿಕೆಗಳು ಬರೆದಾಗಲೂ, ಬಸ್ ನಿಲ್ದಾಣದ ಮಗ್ಗುಲಿನ ಅಂಗಡಿಗೆ ಅದು ಬಹಳ ತಡವಾಗಿ ತಲುಪಿತು. 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರಿಗೆ ಸೋಂಕಿಲ್ಲವೆಂಬ ಪರೀಕ್ಷಾಪತ್ರವು ಕಡ್ಡಾಯವಾಯಿತು. ಏಪ್ರಿಲ್ ಕೊನೆಯಿಂದ ಎರಡನೆಯ ಅಲೆಯ ನಿರ್ಬಂಧಗಳು ಬಂದು, ಮತ್ತೊಂದು ಬೇಸಗೆಯೂ ಹೋಯಿತು.

ಪರಿಹಾರವೇ ದೊರೆಯಲಿಲ್ಲವೆಂದು ಹೇಳಲಾಗದು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿಗಳನ್ನು ಒಂದು ಹೆಕ್ಟೇರಿಗೆ ಮೀರದಂತೆ ಪ್ರಕಟಿಸಿತು. ಆಟೋ, ಟ್ಯಾಕ್ಸಿ ಚಾಲಕರಿಗೆ 5,000. 2021ರಲ್ಲಿ ಇವು ಕ್ರಮವಾಗಿ 10,000 ಮತ್ತು 3,000 ಆದುವು. ಫಸಲನ್ನು ದಾಖಲೆಯಲ್ಲಿ ಬರೆಸಿದವನಿಗೆ ಇಂಥ ಹಣವನ್ನು ಕೇಳುವುದು ಸುಲಭ. ಬಾಯಿಮಾತಿನ ಗುತ್ತಿಗೆಗೆ ಉಳುವವನ ಹೆಸರು ಪಹಣಿಯಲ್ಲಿ ಇಲ್ಲದಿರುವಲ್ಲಿ ಅವನು ಏನನ್ನು ತೋರಿಸಿ ಕೇಳಬೇಕು?

ಜಮೀನುದಾರರು ಈಗ ಮಾಡಬಹುದಾದ ಕೆಲಸಗಳು ದೊಡ್ಡವೇನೂ ಅಲ್ಲ. ಮೊದಲನೆಯದಾಗಿ, ವರ್ಷದ ಜಮಾಖರ್ಚಿನಲ್ಲಿ ಪ್ರಯಾಣಿಕರಿಂದ ಬಂದ ಹಣಕ್ಕೆ ಒಂದು ಪ್ರತ್ಯೇಕ ಕಲಮನ್ನು ಇಡತಕ್ಕದ್ದು: ರಸ್ತೆಯ ಬದಿಯ ಮಾರಾಟ, ಹೊಲದ ಪ್ರವೇಶದ ಹಣ, ಹೋಟೆಲಿಗೆ ನೇರವಾಗಿ ಕೊಟ್ಟ ತರಕಾರಿ, ಹಬ್ಬಕ್ಕೆ ಕಳುಹಿಸಿದ ಹೂವು. ಎರಡು ವರ್ಷ ಬರೆದರೆ ಜಮೀನಿನ ಯಾವ ಭಾಗವು ರಸ್ತೆಯನ್ನು ನಂಬಿಕೊಂಡಿದೆಯೆಂಬುದು ತಾನಾಗಿಯೇ ತಿಳಿಯುವುದು. ಆ ಭಾಗಕ್ಕೆ ಪ್ರತಿಯಾಗಿ ಕೆಡದೆ ಉಳಿಯುವ ಫಸಲೊಂದು ಇರಲಿ. ಈ ಜಿಲ್ಲೆಯ ಅರಿಶಿನವನ್ನು ಬೇಯಿಸಿ ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಕಾಯುತ್ತದೆ. ರಾಗಿ, ಹುರುಳಿಗಳ ವಿಷಯವನ್ನು ಹೇಳಬೇಕಾಗಿಯೇ ಇಲ್ಲ.

ಪ್ರಯಾಣಿಕರು ಮರಳಿ ಬಂದಿರುವರೆಂಬುದು ನಿಜ. 2023ರಲ್ಲಿ ದೇಶದೊಳಗಿನ ಭೇಟಿಗಳು 250 ಕೋಟಿಯನ್ನು ದಾಟಿ 2019ರ ಸಂಖ್ಯೆಯನ್ನೂ ಮೀರಿದುವು. ಅದೇ ವರ್ಷದ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವು ದೊರೆತ ಮೇಲೆ, ಟಿಕೆಟ್ಟಿಗೆ ಹೋಗುತ್ತಿದ್ದ ಹಣದಲ್ಲಿ ಒಂದಂಶವಾದರೂ ಬೆಟ್ಟದ ಕೆಳಗಿನ ಹಣ್ಣು, ಹೂವಿನ ಅಂಗಡಿಗೆ ಬರುವ ಸಂಭವವುಂಟು. ಇದನ್ನು ಕಂಡು ರಸ್ತೆಯ ಅಂಚಿನ ಜಮೀನುಗಳ ಗುತ್ತಿಗೆಯನ್ನು ಏರಿಸುವವರು, ಕರಾರಿನ ಕಾಗದದಲ್ಲಿ ಒಂದು ಸಾಲನ್ನು ಸೇರಿಸುವುದು ನ್ಯಾಯ: ಸರ್ಕಾರದ ಆಜ್ಞೆಯಿಂದ ರಸ್ತೆಯಾಗಲಿ ಗಡಿಯಾಗಲಿ ಮೂವತ್ತು ದಿವಸಗಳಿಗಿಂತ ಹೆಚ್ಚಾಗಿ ಮುಚ್ಚಿದ್ದಲ್ಲಿ, ಆ ಅವಧಿಯ ಗುತ್ತಿಗೆಯಲ್ಲಿ ಇಷ್ಟು ಪಾಲನ್ನು ಬಿಡತಕ್ಕದ್ದೆಂದು. ಪಾಲೆಷ್ಟೆಂಬುದನ್ನು ಉಭಯತ್ರರೂ ಬಿತ್ತನೆಗೆ ಮುಂಚೆಯೇ, ಊರ ಯಜಮಾನರ ಸಮಕ್ಷಮದಲ್ಲಿ ನಿಷ್ಕರ್ಷೆ ಮಾಡಿ ಬರೆದುಕೊಳ್ಳಬೇಕು.