ರಾಡಿಯಲ್ಲಿ ಸಿಕ್ಕ ಗಾಡಿಗೆ ಎಂಥ ಹಗ್ಗ?

ಎರಡು ವರ್ಷದ ಹಿಂದಿನ ಸೋಯಾ ರಾಶಿಯ ಕಾಲ. ಭಾಲ್ಕಿ ತಾಲ್ಲೂಕಿನ ನಮ್ಮ ಸಾಯಗಾಂವದಲ್ಲಿ ಮೂರು ದಿನ ಬಿಡದೆ ಸುರಿದ ಮಳೆ ನಾಲ್ಕನೇ ದಿನ ನಿಂತಿತ್ತು. ಹೊಲದಲ್ಲಿ ತಾಡಪತ್ರಿ ಮುಚ್ಚಿಟ್ಟಿದ್ದ ಚೀಲಗಳನ್ನು ಮತ್ತೆ ಮಳೆ ಬರುವುದರೊಳಗೆ ಮನೆಗೆ ತರಬೇಕೆಂದು ಕಾಕಾ ಪಿಕಪ್ ಗಾಡಿಯನ್ನು ಹೊಲದೊಳಗೇ ಇಳಿಸಿದರು. ಇಪ್ಪತ್ತು ಚೀಲ ಹೇರಿಕೊಂಡು ಬದುವಿನ ಹತ್ತಿರ ಬರುವಷ್ಟರಲ್ಲಿ ಹಿಂದಿನ ಗಾಲಿಗಳು ಕೂತೇಬಿಟ್ಟವು.

ಎರೆಮಣ್ಣು ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಇದೇ ಮಣ್ಣು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಟೈರಿನ ಗೆರೆಗಳಲ್ಲಿ ತುಂಬಿಕೊಂಡು ಗಾಲಿಯನ್ನು ನುಣ್ಣನೆಯ ಉಂಡೆ ಮಾಡುತ್ತದೆ. ಆಮೇಲೆ ಆಕ್ಸಿಲರೇಟರ್ ತುಳಿದಷ್ಟೂ ಗಾಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಕಾಕಾ ಹತ್ತು ನಿಮಿಷ ತುಳಿದರು. ಆಕ್ಸಲ್ ನೆಲಕ್ಕೆ ತಾಗಿತು.

ಪಕ್ಕದ ಹೊಲದಿಂದ ಟ್ರ್ಯಾಕ್ಟರ್ ಬಂತು. ಸರಪಳಿ ಬಂತು. ಅದರ ಕೊಕ್ಕೆಯನ್ನು ಬಂಪರ್ ಹಿಂದಿನ ಪಟ್ಟಿಗೆ ಸಿಕ್ಕಿಸಿದರು. ಒಂದು ಜಗ್ಗು, ಎರಡು ಜಗ್ಗು. ಮೂರನೆಯದಕ್ಕೆ ಟ್ರ್ಯಾಕ್ಟರ್ ಸ್ವಲ್ಪ ಹಿಂದೆ ಬಂದು ಜೋರಾಗಿ ಮುನ್ನುಗ್ಗಿತು. ‘ಟಣ್’ ಎಂದಷ್ಟೇ ಕೇಳಿಸಿದ್ದು. ಕೊಕ್ಕೆ ಬಾಯಿ ಬಿಟ್ಟಿತ್ತು. ಚಿಮ್ಮಿದ ಸರಪಳಿ ಅಲ್ಲೇ ನಿಂತು ನೋಡುತ್ತಿದ್ದ ಕಾಕಾನ ಮಗನ ಹೆಗಲಿಗೆ ಬಡಿಯಿತು. ಕೊರಳೆಲುಬು ಮುರಿಯಿತು.

ಅವನು ಪೊಲೀಸ್ ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆ ಪಾಸಾಗಿದ್ದ. ದೈಹಿಕ ಪರೀಕ್ಷೆಗೆ ಮೂರು ವಾರ ಉಳಿದಿತ್ತು. ದಿನಾ ನಸುಕಿನಲ್ಲಿ ಊರ ರಸ್ತೆಯಲ್ಲಿ 1600 ಮೀಟರ್ ಓಡುತ್ತಿದ್ದ, 7.26 ಕಿಲೋದ ಗುಂಡು ಎಸೆಯುತ್ತಿದ್ದ. ಆ ಬಾರಿ ಅವನು ಮೈದಾನಕ್ಕೇ ಹೋಗಲಿಲ್ಲ. ಮನೆಯಲ್ಲಿ ಎಲ್ಲರೂ ‘ನಸೀಬು’ ಅಂದರು. ನಾನೂ ಅಂದೆ.

ಅದು ನಸೀಬಲ್ಲ ಎಂದು ಗೊತ್ತಾಗಿದ್ದು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹೈದರಾಬಾದಿನ ಕಾರ್ಖಾನೆಯೊಂದಕ್ಕೆ ಅಪ್ರೆಂಟಿಸ್ ಆಗಿ ಹೋದ ಮೇಲೆ. ಅಲ್ಲಿ ಕ್ರೇನ್‌ನಿಂದ ಏನನ್ನೇ ಎತ್ತುವ ಮೊದಲು ಬೆಲ್ಟಿನ ಮೇಲಿನ ಚೀಟಿ ಓದಬೇಕು. ಚೀಟಿ ಹರಿದಿದ್ದರೆ ಬೆಲ್ಟು ಹೊಸದಾಗಿ ಕಂಡರೂ ಮುಟ್ಟುವಂತಿಲ್ಲ. ಮೊದಲ ವಾರವೇ ಹಿರಿಯ ಕೆಲಸಗಾರರೊಬ್ಬರು ನನ್ನ ಕೈಯಿಂದ ಶ್ಯಾಕಲ್ ಒಂದನ್ನು ಕಿತ್ತುಕೊಂಡು ಗುಜರಿ ಡಬ್ಬಿಗೆ ಎಸೆದರು. ಅದರ ಮೇಲೆ ಅಂಕಿ ಇರಲಿಲ್ಲ, ಅಷ್ಟೇ ಕಾರಣ. ನಮ್ಮೂರ ಸರಪಳಿಯ ಮೇಲೆ ಎಷ್ಟು ಅಂಕಿ ಇತ್ತು ಎಂದು ಆ ರಾತ್ರಿ ಯೋಚಿಸಿದೆ. ಮೂರು ತಲೆಮಾರಿನ ತುಕ್ಕು ಮಾತ್ರ ಇತ್ತು.

ಲೆಕ್ಕ ಹೀಗಿದೆ. ಖಾಲಿ ಪಿಕಪ್ ಸುಮಾರು 1.7 ಟನ್. ಅರವತ್ತು ಕಿಲೋದ ಇಪ್ಪತ್ತು ಚೀಲ ಎಂದರೆ 1.2 ಟನ್. ಒಟ್ಟು ಮೂರು ಟನ್ ಹತ್ತಿರ. ಗಾಲಿ ಮಾತ್ರ ಹೂತಿದ್ದರೆ ಎಳೆಯಲು ಗಾಡಿಯ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್‌ವರೆಗೆ ಹೂತಿದ್ದರೆ ಅದರ ಎರಡು ಪಟ್ಟು ಎಂಬುದು ಸೇನೆಯವರು ಬಳಸುವ ಅಂದಾಜು. ಅದರ ಮೇಲೆ ಜಗ್ಗಿನ ಏಟು ಬೇರೆ. ಚೀಲ ಇಳಿಸದೆ, ಮಣ್ಣು ತೆಗೆಯದೆ ನಾವು ಆ ಕೊಕ್ಕೆಯ ಮೇಲೆ ಐದಾರು ಟನ್ ಹೇರಿದ್ದೆವು. ಚೀಲ ಇಳಿಸಿದ್ದರೆ ಅರ್ಧಕ್ಕರ್ಧ ಕೆಲಸ ಮುಗಿಯುತ್ತಿತ್ತು, ರೊಕ್ಕ ಖರ್ಚಿಲ್ಲದೆ.

ಸ್ಟೈಪೆಂಡ್ ಉಳಿಸಿ ಒಂದು ಭಾನುವಾರ ಸಿಕಂದರಾಬಾದಿನ ರಾಣಿಗಂಜ್ ಕಡೆಗೆ ಹೋದೆ. ಜೀಪು ಗುಡ್ಡ ಹತ್ತಿಸುವ ರೀಲ್ಸ್‌ಗಳನ್ನು ನೋಡಿ ತಲೆಯಲ್ಲಿ ವಿಂಚ್ ಕೂತಿತ್ತು. ಬೆಲೆ ಕೇಳಿ ಇಳಿಯಿತು. ಬೆಲೆ ಬಿಡಿ, ವಿಂಚ್ ತಂತಿ ಕಟ್ಟಲು ಎದುರಿಗೆ ಗಟ್ಟಿ ಮರ ಬೇಕು. ನಮ್ಮ ಹೊಲದ ಬದುವಿಗೆ ಇರುವುದು ಒಂದೇ ಜಾಲಿ ಗಿಡ. ಎಳೆಯುವ ಟ್ರ್ಯಾಕ್ಟರ್ ಊರಲ್ಲಿ ಬೇಕಾದಷ್ಟಿವೆ. ನಮಗೆ ಬೇಕಿದ್ದದ್ದು ಎರಡು ಗಾಡಿಗಳ ನಡುವಿನ ಭರವಸೆಯ ಕೊಂಡಿ.

ಹಗ್ಗದಲ್ಲಿ ಎರಡು ಜಾತಿ. ನೈಲಾನಿನ ಹಿಗ್ಗುವ ಹಗ್ಗ ರಬ್ಬರಿನಂತೆ ಎಳೆದುಕೊಂಡು, ಮರಳಿ ಕುಗ್ಗುವಾಗ ಸಿಕ್ಕ ಗಾಡಿಯನ್ನು ಹೊರಗೆ ಸೆಳೆಯುತ್ತದೆ. ಎರಡೂ ಕಡೆ ಚಾಸಿಗೆ ಭದ್ರವಾಗಿ ಕೂರಿಸಿದ ಕೊಂಡಿ ಇದ್ದವರಿಗೆ ಅದು ಒಳ್ಳೆಯದು. ಎಲ್ಲೋ ಒಂದು ಕಡೆ ಕಿತ್ತರೆ ಮಾತ್ರ ಕವಣೆ ಕಲ್ಲೇ. ಪಾಲಿಯೆಸ್ಟರ್ ಪಟ್ಟಿ ಹೆಚ್ಚು ಹಿಗ್ಗುವುದಿಲ್ಲ. ಜಗ್ಗದೆ, ಲೋ ಗೇರಿನಲ್ಲಿ ಮೆಲ್ಲಗೆ ಎಳೆಯಲು ಅದು. ನಮ್ಮ ಟ್ರ್ಯಾಕ್ಟರಿಗೆ ಅದೇ ಸರಿ ಎನ್ನಿಸಿತು. ಅಂಗಡಿಯವರು ‘8 ಟನ್’ ಎಂದರು. ಅದು ಹರಿಯುವ ಭಾರವೋ, ದಿನಾ ಹೊರುವ ಭಾರವೋ ಎಂದು ಕೇಳಿದೆ. ಅವರು ಒಮ್ಮೆ ನನ್ನ ಮುಖ ನೋಡಿ, ‘ಹರಿಯೋದು’ ಎಂದು ನಕ್ಕರು. ಕೇಳದಿದ್ದರೆ ಹೇಳುತ್ತಿರಲಿಲ್ಲ. ಹರಿಯುವ ಭಾರ ಗಾಡಿಯ ತುಂಬಿದ ತೂಕದ ಎರಡು–ಮೂರು ಪಟ್ಟು ಇರಬೇಕೆಂಬುದು ರೂಢಿ. ಮೂರು ಟನ್ನಿಗೆ ಎಂಟು ಸಾಕು.

ಶ್ಯಾಕಲ್ ಎಂದರೆ ಕುದುರೆ ಲಾಳದಂಥ ಕೊಂಡಿ, ಬಾಯಿಗೆ ಅಡ್ಡವಾಗಿ ತಿರುಪಿನ ಪಿನ್ನು. ಮುಕ್ಕಾಲು ಇಂಚಿನದರ ಮೇಲೆ 4.75 ಟನ್ ಎಂದು ಲೋಹದಲ್ಲೇ ಮೂಡಿರುತ್ತದೆ. ಅದು ಹೊರುವ ಭಾರ, ಮುರಿಯುವ ಭಾರ ಅದರ ಹಲವು ಪಟ್ಟು. ಕೊಕ್ಕೆಯಂತೆ ಬಾಯಿ ಬಿಡುವುದಿಲ್ಲ. ಪಿನ್ನನ್ನು ಕೈಯಿಂದ ಪೂರ್ತಿ ಬಿಗಿದು ಕಾಲು ಸುತ್ತು ಹಿಂದೆ ತಿರುಗಿಸಬೇಕು, ಇಲ್ಲದಿದ್ದರೆ ಎಳೆದ ಮೇಲೆ ಬಿಚ್ಚಲು ಬರುವುದಿಲ್ಲ.

ಪಟ್ಟಿ 1,500, ಎರಡು ಶ್ಯಾಕಲ್ 800, ಗಿಡ್ಡ ಕಾವಿನ ಸಲಿಕೆ 350, ಚರ್ಮದ ಕೈಗವಸು 150, ಗಾಡಿಯ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು 2,000. ಒಟ್ಟು 4,800 ರೂಪಾಯಿ ಕೊಟ್ಟೆ. ಪಂಪು ಯಾಕೆಂದರೆ, ಖಾಲಿ ಗಾಡಿಯ ಟೈರಿನ ಗಾಳಿ ಸ್ವಲ್ಪ ಬಿಟ್ಟರೆ ಅದು ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ. ಆದರೆ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಬೇಕು. ನಿಜ ಹೇಳಬೇಕೆಂದರೆ ಅಂಟು ಎರೆಯಲ್ಲಿ ಇದರ ಲಾಭ ಕಡಿಮೆ, ಮರಳಿನಲ್ಲಿ ಹೆಚ್ಚು. ಇಂದು ಕೊಳ್ಳುವುದಾದರೆ ಪಂಪನ್ನು ಕೊನೆಗೆ ಕೊಳ್ಳುತ್ತೇನೆ, ಸಲಿಕೆಯನ್ನು ಮೊದಲು. ಗಾಲಿಯಡಿ ಹಾಕುವ ಪ್ಲಾಸ್ಟಿಕ್ ಹಲಗೆಗಳನ್ನು ಕೊಳ್ಳಲಿಲ್ಲ. ಒಲೆಗೆಂದು ಒಟ್ಟಿದ ತೊಗರಿಕಟ್ಟಿಗೆ ಮನೆಮನೆಯಲ್ಲೂ ಇದೆ.

ಊರಿಗೆ ತಂದಾಗ ಕಾಕಾ ಪಟ್ಟಿಯನ್ನು ತಿರುವಿ ನೋಡಿ, ‘ಸರಪಳಿ ಅದ ಅಲ್ಲೊ, ಈ ಬಟ್ಟಿಗಿ ಯಾಕ ರೊಕ್ಕ ಹಾಕ್ದಿ?’ ಎಂದರು. ಕಾಕಾನ ಮಗ ಏನೂ ಅನ್ನಲಿಲ್ಲ. ಸರಪಳಿ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಹಾಕಿದ.

ಕಳೆದ ಮಳೆಗಾಲದಲ್ಲಿ ಅದೇ ಬದುವಿನ ಹತ್ತಿರ ಪಕ್ಕದ ಹೊಲದವರ ಗಾಡಿ ಸಿಕ್ಕಿಕೊಂಡಿತು. ನಾನು ರಜೆಗೆ ಬಂದಿದ್ದೆ. ಚೀಲ ಇಳಿಸಿದೆವು. ಗಾಲಿಯ ಮುಂದಿನ ಮಣ್ಣು ತೆಗೆದು ಇಳಿಜಾರು ಮಾಡಿ ತೊಗರಿಕಟ್ಟಿಗೆ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ‘ಟೋಚನ್ ಮಾಡಿದ್ರ ಐದು ಮಿನಿಟಿಂದು’ ಎಂದು ಗೊಣಗಿದವರೂ ಇದ್ದರು. ಪಟ್ಟಿಯನ್ನು ಬಂಪರಿಗಲ್ಲ, ಚಾಸಿಗೆ ಬೋಲ್ಟ್ ಮಾಡಿದ ಕೊಂಡಿಗೆ ಹಾಕಿದೆವು. ಒದ್ದೆ ಗೋಣಿಚೀಲವನ್ನು ಪಟ್ಟಿಯ ನಡುಮಧ್ಯ ಹೊದಿಸಿದ್ದು ಕಾಕಾನ ಮಗ. ಹರಿದರೆ ಅದು ಮೇಲೆ ಚಿಮ್ಮದೆ ನೆಲಕ್ಕೆ ಬೀಳಲಿ ಎಂದು. ಆಮೇಲೆ ನೋಡಲು ಬಂದವರನ್ನೆಲ್ಲ, ‘ಹಿಂದ ಸರೀರಿ, ಇನ್ನೂ ಹಿಂದ’ ಎನ್ನುತ್ತ ಪಟ್ಟಿಯ ಉದ್ದಕ್ಕಿಂತ ಒಂದೂವರೆ ಪಟ್ಟು ದೂರ ಅಟ್ಟಿದ. ಪೊಲೀಸ್ ದನಿ ಆಗಲೇ ಬಂದಿತ್ತು. ಟ್ರ್ಯಾಕ್ಟರ್ ಮೆಲ್ಲಗೆ ಹೊರಟಿತು, ಪಟ್ಟಿ ಬಿಗಿಯಾಯಿತು, ಗಾಡಿ ಬಂತು. ಚಪ್ಪಾಳೆಯೂ ಇಲ್ಲ, ವಿಡಿಯೊ ಮಾಡುವಂಥದ್ದೂ ಇರಲಿಲ್ಲ.

ಈಗ ಪಟ್ಟಿ ಕಾಕಾನ ಕೊಟ್ಟಿಗೆಯ ನೆರಳಲ್ಲಿ ಎತ್ತಿನ ಹಗ್ಗದ ಪಕ್ಕ ತೂಗುತ್ತದೆ. ಬಿಸಿಲು ಅದಕ್ಕೆ ಆಗದು. ಕಣಕಿ ಹೊರೆ ಕಟ್ಟಲು ಯಾರಾದರೂ ಅದನ್ನು ಮುಟ್ಟಿದರೆ ಕಾಕಾ ಒಳಗಿನಿಂದಲೇ ಬಯ್ಯುತ್ತಾರೆ.